ಬಾಲ ಆಡಿಸದ ದೊರೆ

ವೇಣುಗೋಪಾಲ ಆ ಭಾನುವಾರ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಕಾಫಿಗೆ ಹಾಲು ತರಲು ಡೈರಿಗೆ ಹೋದವನು ಹಾಲು ತೆಗೆದುಕೊಂಡು ತೆಪ್ಪಗೆ ಬರಲಿಲ್ಲ. "ಇವತ್ತು ಸಾಯಂಕಾಲ ಮಾಲೂರಿಂದ ಡಾಕ್ಟ್ರು ಬರ್ತಾರೆ, ದೊರೇನ ನೋಡೋಕೆ" ಎಂದುಬಿಟ್ಟ.

ಹೇಳಿದ್ದಾದರೂ ಯಾರಿಗೆ? ಡೈರಿ ಸೆಕ್ರೆಟರಿ ಕೋದಂಡರಾಮಪ್ಪನಿಗೆ. ವಕ್ಕಲೇರಿ ಪಕ್ಕದ ಆ ಹಳ್ಳಿಯಲ್ಲಿ ಯಾರ ಹಸು ಗಬ್ಬ ನಿಂತಿದೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿಯಾಗಿದೆ, ಎಲ್ಲವೂ ಅವನ ಕಿವಿಗೆ ಬಿದ್ದೇ ಮುಂದೆ ಹೋಗಬೇಕು.

"ನೋಡೋಕಾ? ನೋಡಿ ಏನ್ ಮಾಡ್ತಾರೆ?"

"ಸರಿಯಾಗಿ ಸಾಕಿದ್ರೆ ನನ್ ಹತ್ರಾನೇ ಬಿಡ್ತಾರೆ ಕೋದಂಡಣ್ಣ. ಇಲ್ಲಾಂದ್ರೆ ವಾಪಸ್ ಕರ್ಕೊಂಡೋಗ್ತಾರೆ. ಕೊಡೋವಾಗ್ಲೇ ಹಂಗಂತ ಮಾತಾಗಿದೆ."

ಕೋದಂಡರಾಮಪ್ಪ ಹಾಲಿನ ಅಳತೆ ಪಾತ್ರೆಯನ್ನು ಕೆಳಗಿಟ್ಟ. "ಆ ಬಡಕಲು ನಾಯೀನ ಹಂಗೇ ತೋರಿಸ್ತೀಯೇನೋ? ಪಕ್ಕೆ ಎಲುಬು ಕೈಗೆ ಸಿಕ್ತವಲ್ಲೋ!"

"ಸಿಗ್ಬೇಕಣ್ಣ. ಡಾಕ್ಟ್ರೇ ಹೇಳಿರೋದು."

"ಡಾಕ್ಟ್ರು ಹೇಳ್ತಾರೆ. ನೋಡೋಕೆ ಬಂದಾಗ ಬೇರೆ ಥರ ನೋಡ್ತಾರೆ. ಈ ಕೈಯಲ್ಲಿ ಎಷ್ಟು ಹಸು ತೋರಿಸಿ ಮಾರಿಸಿದೀನಿ ಗೊತ್ತಾ ನಿಂಗೆ?"

ದೊರೆ ಗ್ರೇಟ್ ಡೇನ್ ಜಾತಿಯ ಮರಿ. ಮರಿ ಎಂದು ಹೇಳಲು ನಾಲಿಗೆ ಹಿಂಜರಿಯಬೇಕು, ಅಷ್ಟು ದೊಡ್ಡದು. ನಾಲ್ಕು ತಿಂಗಳಿಗೇ ಊಟದ ಮೇಜಿನ ಮೇಲೆ ಮೂತಿ ಇಡುತ್ತಿತ್ತು. ಯಾರೋ ಅಪಾರ್ಟ್‌ಮೆಂಟಿನವರು ಸಾಕಲಾರದೆ ಮಾಲೂರಿನ ಪಶುವೈದ್ಯೆ ಡಾಕ್ಟರ್ ಮೇಘನ ಅವರ ಬಳಿ ಬಿಟ್ಟುಹೋಗಿದ್ದರು. ವೇಣು ಬೇಡಿದಾಗ ಅವರು ಕೊಟ್ಟರು, ಜೊತೆಗೆ ಷರತ್ತುಗಳನ್ನೂ ಕೊಟ್ಟರು. ದೊಡ್ಡ ಜಾತಿಯ ಮರಿಗೆಂದೇ ಮಾಡಿದ ಆಹಾರ, ಅದೂ ತೂಕ ಹಾಕಿ, ದಿನಕ್ಕೆ ಮೂರು ಪಾಲು. ಹಾಲು ಬೇಡ, ಕ್ಯಾಲ್ಸಿಯಂ ಟಾನಿಕ್ ಬೇಡ, ಮೆಟ್ಟಿಲು ಹತ್ತಿಸುವುದು ಬೇಡ, ಉಂಡ ಮೇಲೆ ಓಡಿಸುವುದು ಬೇಡ. ಮರಿ ತೆಳ್ಳಗೇ ಇರಬೇಕು, ನಿಧಾನವಾಗಿ ಬೆಳೆಯಬೇಕು. ನರಸಾಪುರದ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವುದೇ ಕೆಲಸವಾಗಿದ್ದ ವೇಣುವಿಗೆ ಇದೇನೂ ಕಷ್ಟವಾಗಲಿಲ್ಲ. ಒಂದು ಕಾಳು ಹೆಚ್ಚಾದರೂ ತೆಗೆದು ಡಬ್ಬಕ್ಕೆ ಹಾಕುತ್ತಿದ್ದ.

ಕಷ್ಟ ಇದ್ದದ್ದು ಬೇರೆ ಕಡೆ. ವೇಣುವಿಗೆ ನಲವತ್ತು ದಾಟಿತ್ತು. ಮದುವೆಯ ಮಾತು ಬಂದದ್ದೆಲ್ಲ ಬಾಗಿಲವರೆಗೆ ಬಂದು ಹಿಂದಕ್ಕೆ ಹೋಗಿತ್ತು. ತಾಯಿ ಹೋದ ಮೇಲೆ ಮನೆಯಲ್ಲಿ ಅವನೊಬ್ಬನೇ. ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ನಡೆದು ಬರುವಾಗ ಒಂದೊಂದು ಬಾಗಿಲಲ್ಲೂ ಯಾರೋ ಒಬ್ಬರು ಯಾರನ್ನೋ "ಬಂದ್ಯಾ?" ಎಂದು ಕೇಳುವುದು ಅವನ ಕಿವಿಗೆ ಬೀಳುತ್ತಿತ್ತು. ಅವನ ಬಾಗಿಲಲ್ಲಿ ಬೀಗ ಇರುತ್ತಿತ್ತು. ತಾನು ಬರುವುದನ್ನು ನೋಡಿ ಸಂತೋಷಪಡುವ ಒಂದು ಜೀವ ಬೇಕು ಎಂದು ಅವನ ಒಡಲು ಬಾಯಿಬಿಟ್ಟು ಕೇಳುತ್ತಿತ್ತು. ನಾಯಿ ದೊಡ್ಡದಾದಷ್ಟೂ ಸಂತೋಷ ದೊಡ್ಡದಾಗಿರುತ್ತದೆ ಎಂಬುದು ಅವನ ಲೆಕ್ಕಾಚಾರ.

ಆದರೆ ದೊರೆ ಇದುವರೆಗೆ ವೇಣುವಿಗೆ ಒಂದು ಸಲವೂ ಬಾಲ ಆಡಿಸಿರಲಿಲ್ಲ. ಪಕ್ಕದ ಮನೆಯ ಆದಿಲಕ್ಷ್ಮಮ್ಮನನ್ನು ಕಂಡರೆ ಬಾಲದ ಜೊತೆ ಸೊಂಟವೂ ಆಡುತ್ತಿತ್ತು. ಕರೆಂಟ್ ಮೀಟರ್ ಓದಲು ಬಂದವನಿಗೂ ಆಡಿಸಿತ್ತು. ವೇಣುವನ್ನು ಮಾತ್ರ ಅದು ರೇಷನ್ ಅಂಗಡಿಯವನನ್ನು ನೋಡುವ ಹಾಗೆ ನೋಡುತ್ತಿತ್ತು. ಎಲ್ಲರೂ ಕದ್ದು ಏನಾದರೂ ತಿನ್ನಿಸುತ್ತಾರೆ, ಅದಕ್ಕೇ ಹೀಗೆ, ಒಂದು ಸಲ ಅವರ ಕೈ ನಿಂತರೆ ಇದು ನನ್ನದೇ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ಅದಕ್ಕೆ ಮೊದಲು ನಾಯಿ ಕೈಯಲ್ಲಿ ಉಳಿಯಬೇಕಲ್ಲ. ಆ ತೀರ್ಮಾನ ಈ ಸಾಯಂಕಾಲ.

ಈ ಸೀಮೆಯಲ್ಲಿ ಹಸು ನೋಡಲು ಯಾರಾದರೂ ಬರುತ್ತಾರೆ ಎಂದರೆ ಒಂದು ಪದ್ಧತಿಯಿದೆ. ಬೆಳಿಗ್ಗೆಯಿಂದಲೇ ಬೂಸಾ, ಹಿಂಡಿ, ಉಪ್ಪು ಬೆರೆಸಿದ ನೀರು ಕೊಟ್ಟೂ ಕೊಟ್ಟೂ ಸೊಂಟದ ಪಕ್ಕದ ಗುಳಿ ಮುಚ್ಚುವಷ್ಟು ಅದರ ಹೊಟ್ಟೆ ತುಂಬಿಸಿ ನಿಲ್ಲಿಸುತ್ತಾರೆ. ಗುಳಿ ಕಂಡರೆ ಬಂದವರು ಮುಖ ತಿರುಗಿಸಿ ಹೋಗುತ್ತಾರೆ. ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಮನೆಯ ಮರ್ಯಾದೆ ಅನ್ನುತ್ತಾರೆ. ವೇಣು ಹಾಲು ಹಿಡಿದು ಮನೆ ಮುಟ್ಟುವಷ್ಟರಲ್ಲಿ ನಾಯಿ ನೋಡಲು ಬರುತ್ತಾರೆ ಎಂಬ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಪಾಪ, ವೇಣುವಿಗೆ ಯಾರಿದ್ದಾರೆ, ನಾವೇ ಅಲ್ಲವೇ ನೋಡಿಕೊಳ್ಳಬೇಕು ಎಂದು ಎಲ್ಲರೂ ಟೊಂಕ ಕಟ್ಟಿದರು.

ದೊರೆಯ ಬೆಳಗಿನ ಪಾಲು ಹಾಕಿ, ಅಂಗಳದ ಹೊಂಗೆ ಮರಕ್ಕೆ ಕಟ್ಟಿ, ವೇಣು ಸ್ನಾನಕ್ಕೆ ಹೋದ. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ದೊರೆ ಮೂತಿಯನ್ನು ಎರಡೂ ಕಡೆ ನೆಕ್ಕಿಕೊಳ್ಳುತ್ತಿತ್ತು. ಕಾಂಪೌಂಡ್ ಗೋಡೆಯ ಆಚೆ ಆದಿಲಕ್ಷ್ಮಮ್ಮ ನಿಂತಿದ್ದಳು.

"ಅತ್ತೆ, ಏನ್ ಹಾಕಿದ್ರಿ?"

"ಗಿಣ್ಣು ಕಣಪ್ಪ. ನಮ್ಮ ಗೌರಿ ಮೊನ್ನೆ ಕರು ಹಾಕಿಲ್ವಾ. ಒಂಚೂರೇ."

"ಎಷ್ಟು ಒಂಚೂರು?"

ಆದಿಲಕ್ಷ್ಮಮ್ಮ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದಳು. ತಟ್ಟೆ ಎರಡೂ ಕಡೆಯಿಂದ ಇಣುಕುತ್ತಿತ್ತು. "ತಿಂದ್ರೆ ತಿನ್ಲಿ ಬಿಡು ನಾಯನಾ, ಮೂಗಜೀವ. ಕಣ್ಣಲ್ಲೇ ಮಾತಾಡ್ತದೆ" ಎಂದು ಅವಳು ದೊರೆಯ ಕಡೆ ತಿರುಗಿ ತೆಲುಗಿನಲ್ಲಿ ಏನೋ ಮುದ್ದು ಮಾತು ಹೇಳಿದಳು. ದೊರೆಯ ಸೊಂಟ ಆಡಿತು.

ಬೀದಿಯಲ್ಲಿದ್ದರೆ ಉಳಿಗಾಲವಿಲ್ಲ ಎಂದು ವೇಣು ಬೆಲ್ಟ್ ಹಿಡಿದು ನಿಧಾನವಾಗಿ ಊರ ಹೊರಗಿನ ಹಿಪ್ಪುನೇರಳೆ ತೋಟಗಳ ಕಡೆ ನಡೆಸಿದ. ದಾರಿಗೆ ಅಡ್ಡವಾಗಿ ಮುನಿಯಲ್ಲಪ್ಪನ ಕೋಳಿ ಅಂಗಡಿ. ಭಾನುವಾರದ ಜನ ನೆರೆದಿತ್ತು.

"ಲೇ ವೇಣು, ನಿಲ್ಲೋ! ಕೋದಂಡಣ್ಣ ಫೋನ್ ಮಾಡಿದ್ರು. ಲಿವರ್ ಎತ್ತಿಟ್ಟಿದೀನಿ."

"ಬೇಡ ಮುನಿಯಲ್ಲಪ್ಪ, ದಮ್ಮಯ್ಯ."

"ಏನ್ಲಾ ಬೇಡ? ಎಲುಬು ಎಣಿಸ್ಬೋದು ಅದರದ್ದು!"

ಕೋಳಿಗೆ ಕಾಯುತ್ತಿದ್ದವರಿಗೂ ಹೊತ್ತು ಹೋಗಬೇಕಿತ್ತು. ನಾಯಿ ಸಾಕುವುದು ಹೇಗೆ ಎಂದು ಒಬ್ಬೊಬ್ಬರೂ ಒಂದೊಂದು ದಾರಿ ಹೇಳಿದರು. ನಾಯಿ ಸಾಕಿ ಗೊತ್ತಿಲ್ಲದವರು ಜೋರಾಗಿ ಹೇಳಿದರು. ಎಲ್ಲರಿಗೂ ಉತ್ತರ ಕೊಟ್ಟು ವೇಣು ತಿರುಗಿ ನೋಡಿದರೆ, ದೊರೆ ಯಾರ ಹಂಗೂ ಇಲ್ಲದೆ ಕಟ್ಟೆಯ ಮೇಲಿದ್ದ ಲಿವರಿನ ಬೇಸಿನ್‌ಗೆ ತಾನೇ ತಲೆ ಹಾಕಿತ್ತು. ತಲೆ ಎತ್ತಿದಾಗ ಬೇಸಿನ್ ತೊಳೆದಷ್ಟು ಚೊಕ್ಕಟವಾಗಿತ್ತು.

"ನೋಡ್ದಾ, ಎಷ್ಟು ಹಸಿದಿತ್ತು!" ಎಂದ ಮುನಿಯಲ್ಲಪ್ಪ. ಜನ ವೇಣುವನ್ನು ಕಟುಕನನ್ನು ನೋಡುವ ಹಾಗೆ ನೋಡಿದರು. ಅದೂ ಕೋಳಿ ಅಂಗಡಿಯ ಮುಂದೆ ನಿಂತು.

ತೋಟ ಸೇರಿ ನೆರಳಲ್ಲಿ ಕೂತ ಮೇಲೆ ವೇಣುವಿಗೆ ಉಸಿರು ಬಂತು. ಅಷ್ಟರಲ್ಲಿ ಬದುವಿನ ಮೇಲೆ ಮೊಪೆಡ್ ಬಂತು, ಮೊಪೆಡ್ ಮೇಲೆ ಕೋದಂಡರಾಮಪ್ಪ, ಹ್ಯಾಂಡಲ್‌ಗೆ ಒಂದು ಹಾಲಿನ ಕ್ಯಾನು, ಒಂದು ಟಿಫಿನ್ ಬಾಕ್ಸು.

"ಹಾಕ್ಬೇಡಿ ಅಣ್ಣ. ನಿಮ್ಮ ಕಾಲಿಗೆ ಬೀಳ್ತೀನಿ."

"ನೀನು ಬೇಡ ಅಂದ್ಮೇಲೆ ಮುಗೀತು ಕಣೋ, ನಾನ್ಯಾಕೆ ಹಾಕ್ಲಿ? ಈ ಟಿಫಿನ್ ನಿಂಗೆ. ಮುದ್ದೆ, ಬಸ್ಸಾರು. ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ? ಮುಖ ಬಾಡೋಗಿದೆ."

ವೇಣು ಟಿಫಿನ್ ಬಿಚ್ಚಿದ. ತಾನು ಉಂಡೆನೋ ಬಿಟ್ಟೆನೋ ಎಂದು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತು! ಬೆಲ್ಟ್ ಕೋದಂಡರಾಮಪ್ಪನ ಕೈಗೆ ಹೋದದ್ದೇ ಅವನಿಗೆ ತಿಳಿಯಲಿಲ್ಲ. ಕೊನೆಯ ತುತ್ತು ನುಂಗಿ ಕೈ ತೊಳೆದು ಬಂದಾಗ ಕೋದಂಡರಾಮಪ್ಪ ಪಂಚೆಯ ತುದಿಯಲ್ಲಿ ದೊರೆಯ ಬಾಯಿ ಒರೆಸುತ್ತಿದ್ದ. ಕ್ಯಾನು ಪಕ್ಕಕ್ಕೆ ಉರುಳಿತ್ತು.

"ರಾಗಿ ಗಂಜಿ ಅಷ್ಟೇ. ಹಾಲಲ್ಲಿ ಕಾಯಿಸಿದ್ದು. ಈಗ ನೋಡು, ಎಲ್ಲಾದ್ರೂ ಗುಳಿ ಕಾಣ್ತದಾ?"

ಕಾಣುತ್ತಿರಲಿಲ್ಲ. ದೊರೆ ನಾಲ್ಕು ಹೆಜ್ಜೆ ಇಟ್ಟು ಕೂತಿತು. ಆಮೇಲೆ ಮಲಗಿತು. ಇಂಥ ನಾಯಿಗಳು ಮಿತಿಮೀರಿ ತಿಂದರೆ ಹೊಟ್ಟೆ ಉಬ್ಬಿ, ತಿರುಚಿಕೊಂಡು, ಜೀವಕ್ಕೇ ಸಂಚಕಾರ ಬರಬಹುದು ಎಂದು ಡಾಕ್ಟರು ಹೇಳಿದ್ದು ವೇಣುವಿಗೆ ನೆನಪಾಯಿತು. ತಕ್ಷಣ ಅವರಿಗೆ ಫೋನ್ ಮಾಡಿದ.

"ಓಡಿಸ್ಬೇಡಿ, ಹೊಟ್ಟೆ ಅಮುಕ್ಬೇಡಿ" ಎಂದರು ಡಾಕ್ಟರ್ ಮೇಘನ. "ಹೊಟ್ಟೆ ಬಿಗಿದುಕೊಂಡು, ವಾಂತಿ ಮಾಡೋಕೆ ಒದ್ದಾಡಿ ಏನೂ ಬರ್ತಿಲ್ಲ ಅಂದ್ರೆ ತಕ್ಷಣ ಹೇಳಿ. ನಾನು ಈಗ್ಲೇ ಹೊರಡ್ತೀನಿ."

ವೇಣು ದೊರೆಯನ್ನು ಎದೆಯ ಕೆಳಗೊಂದು, ಹಿಂಗಾಲುಗಳ ಹಿಂದೊಂದು ತೋಳು ಹಾಕಿ, ಕರು ಎತ್ತುವ ಹಾಗೆ ಎತ್ತಿಕೊಂಡ. ಸೊಂಟ ಕಿತ್ತುಬರುವಷ್ಟು ಭಾರ. ಊರೊಳಗೆ ಬರುತ್ತಿದ್ದಂತೆ ಕಟ್ಟೆಯ ಮೇಲಿದ್ದವರು ಎದ್ದು ನಿಂತು ನೋಡಿದರು. "ವೇಣು, ನೀನು ಅದನ್ನ ಸಾಕ್ತಾ ಇದೀಯೋ, ಅದು ನಿನ್ನ ಸಾಕ್ತಾ ಇದೆಯೋ?" ಎಂದು ಯಾರೋ ಕೂಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ದೊರೆ ತನ್ನ ದೊಡ್ಡ ತಲೆಯನ್ನು ಅವನ ಹೆಗಲ ಮೇಲೆ ಇಟ್ಟಿತ್ತು. ಬಿಸಿ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಇಷ್ಟು ದಿನದಲ್ಲಿ ಅದು ತಾನಾಗಿ ಅವನ ಮೈಗೆ ಒರಗಿದ್ದು ಇದೇ ಮೊದಲು. ಭಯ ಒಂದು ಕಡೆ, ಈ ದಾರಿ ಮುಗಿಯದಿರಲಿ ಎಂಬ ಆಸೆ ಇನ್ನೊಂದು ಕಡೆ. ಮನೆ ಬಂದೇ ಬಂತು. ಇಳಿಸಿದ. ದೊರೆ ಒಂದು ಸಲ ಗಟ್ಟಿಯಾಗಿ ತೇಗಿ, ಹೊಂಗೆ ಮರದ ಕೆಳಗೆ ಅವನಿಗೆ ಬೆನ್ನು ಮಾಡಿ ಮಲಗಿತು.

ಡಾಕ್ಟರ್ ಬರುವಷ್ಟರಲ್ಲಿ ಅಂಗಳದಲ್ಲಿ ಹೆಣ್ಣು ನೋಡುವ ಶಾಸ್ತ್ರದ ಕಳೆ ಬಂದಿತ್ತು. ಯಾರೋ ಕುರ್ಚಿ ತಂದಿದ್ದರು, ಯಾರೋ ಉಪ್ಪಿಟ್ಟು. ದೊರೆಯ ಹಣೆಯ ಮೇಲೆ ಆದಿಲಕ್ಷ್ಮಮ್ಮ ದೃಷ್ಟಿಬೊಟ್ಟು ಇಟ್ಟಿದ್ದಳು. ಡಾಕ್ಟರ್ ಯಾವುದನ್ನೂ ಮುಟ್ಟದೆ ನೇರವಾಗಿ ಬಂದು ಮಂಡಿಯೂರಿ ಕೂತರು. ಹೊಟ್ಟೆ ತಟ್ಟಿದರು, ಒಸಡು ನೋಡಿದರು, ಪಕ್ಕೆಯ ಮೇಲೆ ಕೈ ಆಡಿಸಿದರು.

"ಗುಳಿ ಇಲ್ಲ ಮೇಡಂ, ಖಾತ್ರಿ" ಎಂದ ಕೋದಂಡರಾಮಪ್ಪ.

"ಇವತ್ತು ಯಾರ್ಯಾರು ಏನೇನು ಹಾಕಿದ್ರಿ?"

ಬಹುಮಾನ ಕೊಡುತ್ತಾರೇನೋ ಎಂಬ ಉತ್ಸಾಹದಲ್ಲಿ ಎಲ್ಲರೂ ಕೈಯೆತ್ತಿ ಹೇಳಿದರು. ಗಿಣ್ಣು, ಲಿವರ್, ಗಂಜಿಯ ಜೊತೆಗೆ, ವೇಣುವಿಗೆ ಗೊತ್ತೇ ಇಲ್ಲದ ಎರಡು ಇಡ್ಲಿಯ ಸಂಗತಿಯೂ ಹೊರಬಂತು. ವೇಣು ತಲೆ ತಗ್ಗಿಸಿ, "ತಪ್ಪಾಯ್ತು ಮೇಡಂ. ನನ್ ಕೈಲಿ ತಡೆಯೋಕಾಗ್ಲಿಲ್ಲ" ಎಂದ.

ಡಾಕ್ಟರ್ ಎದ್ದು ನಿಂತರು. "ನೋಡಿ, ಗೋಡೆ ಒಣಗೋಕೆ ಮುಂಚೆ ಮೇಲೆ ತಾರಸಿ ಹಾಕಿದ್ರೆ ಏನಾಗ್ತದೆ?"

"ಬಿರುಕು ಬಿಡ್ತದೆ" ಎಂದ ಮುನಿಯಲ್ಲಪ್ಪ.

"ಇದರ ಎಲುಬೂ ಹಸಿ ಗೋಡೆನೇ. ನೀವು ಪ್ರೀತಿ ಅಂತ ತೂಕ ಏರಿಸ್ತೀರಿ, ಅದು ವರ್ಷ ತುಂಬೋದ್ರೊಳಗೆ ಕುಂಟುತ್ತೆ." ಆಮೇಲೆ ವೇಣುವಿನ ಕಡೆ ತಿರುಗಿದರು. "ಇವತ್ತಿನ ಹೊಟ್ಟೆ ನಾಳೆಗೆ ಇಳಿಯುತ್ತೆ, ಅಪಾಯ ಏನಿಲ್ಲ. ರಾತ್ರಿ ಊಟ ಬೇಡ. ಆದ್ರೆ ಮೈ ಒಂದೇ ದಿನಕ್ಕೆ ಆಗೋದಲ್ಲ. ಪಕ್ಕೆ, ಕಾಲು, ಕೀಲು ಎಲ್ಲಾ ಹೇಗಿರ್ಬೇಕೋ ಹಾಗಿದೆ. ನಾನು ಕೊಟ್ಟಿರೋ ಮರಿಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಸಾಕಿಲ್ಲ ವೇಣುಗೋಪಾಲ್. ಇದು ನಿಮ್ಮದೇ. ಆದ್ರೆ ಇಂಥದ್ದು ಇನ್ನೊಂದು ಸಲ ಆದ್ರೆ ಬಂದು ಕರ್ಕೊಂಡೋಗ್ತೀನಿ."

ಬೀದಿಗೆ ಬೀದಿಯೇ ಪೆಚ್ಚಾಯಿತು. ಕೋದಂಡರಾಮಪ್ಪ ಹಾಲಿನ ಕ್ಯಾನು ಮುಟ್ಟಿ ಆಣೆ ಮಾಡಿದ. ಮುನಿಯಲ್ಲಪ್ಪ ತಕ್ಕಡಿಯ ಮೇಲೆ ಆಣೆ ಮಾಡಿದ. ಆದಿಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ಹಾಲು ಕೊಡುವ ಗೌರಿಯ ಮೇಲೇ ಆಣೆಯಿಟ್ಟಳು. ಅದಕ್ಕಿಂತ ದೊಡ್ಡ ಆಣೆ ಆ ಊರಿನಲ್ಲಿ ಇರಲಿಲ್ಲ. ವೇಣು ಡಾಕ್ಟರನ್ನು ಕಾರಿನವರೆಗೆ ಕಳಿಸಿ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾಯಿ ತನ್ನದಾಯಿತು. ಎಲ್ಲರ ಕೈಯೂ ನಿಂತಿತು. ಇನ್ನು ದೊರೆಗೆ ತಾನು, ತನಗೆ ದೊರೆ.

ಜನ ಚದುರಿದ ಮೇಲೆ ಅವನು ಬೆಲ್ಟ್ ಬಿಚ್ಚಿ, ಬಾಗಿಲು ಪೂರ್ತಿ ತೆರೆದು, ಒಳಗೆ ಹೊಸ ಚಾಪೆ ಹಾಸಿದ. "ದೊರೆ, ಬಾರೋ" ಎಂದು ಕರೆದ. ದೊರೆ ನಿಧಾನವಾಗಿ ಎದ್ದು ಮೈ ಕೊಡವಿತು. ಬಾಗಿಲನ್ನು ನೋಡಿತು, ಅವನನ್ನು ನೋಡಿತು. ಆಮೇಲೆ ಗೇಟು ದಾಟಿ ಪಕ್ಕದ ಮನೆಯ ಮುಚ್ಚಿದ ಬಾಗಿಲ ಮುಂದೆ ಹೋಗಿ ಕೂತಿತು.

"ಹಾಕಲ್ಲ ಕಣೋ ನಾಯನಾ, ಆಣೆ ಇಟ್ಟಿದೀನಿ, ಹೋಗು" ಎಂದು ಒಳಗಿಂದ ಆದಿಲಕ್ಷ್ಮಮ್ಮನ ದನಿ ಬಂತು.

ದೊರೆ ಹೋಗಲಿಲ್ಲ. ಹೊಟ್ಟೆಯಲ್ಲಿ ಒಂದು ಕಾಳಿಗೂ ಜಾಗ ಇರಲಿಲ್ಲ, ಅದಕ್ಕೆ ಏನೂ ಬೇಕಾಗಿರಲಿಲ್ಲ. ಸುಮ್ಮನೆ ಕೂತಿತ್ತು.

ವೇಣು ಗೇಟಿನಲ್ಲೇ ನಿಂತುಬಿಟ್ಟ. ಇಷ್ಟು ದಿನ ಕದ್ದು ತಿನ್ನಿಸುವ ಕೈಗಳ ಮೇಲೆ ಹೊರಿಸಿದ್ದ ತಪ್ಪನ್ನು ಇನ್ನು ಯಾವುದರ ಮೇಲೆ ಹೊರಿಸುವುದು? ತಾನು ಶಿಫ್ಟಿಗೆ ಹೋದಾಗ ಆದಿಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತ ಈ ಗೋಡೆಗೆ ಒರಗಿ ದಿನವಿಡೀ ಇದರ ಜೊತೆ ಮಾತಾಡುತ್ತಾಳೆ. ತಾನು ಇದರ ಜೊತೆ ಯಾವತ್ತಾದರೂ ಮಾತಾಡಿದ್ದೇನೆಯೇ? ಸಿಟ್, ಸ್ಟೇ, ನೋ ಬಿಟ್ಟರೆ ಇನ್ನೊಂದು ಮಾತು ನೆನಪಾಗಲಿಲ್ಲ.

ಅವನು ಹೋಗಿ ಆದಿಲಕ್ಷ್ಮಮ್ಮನ ಬಾಗಿಲ ಮೆಟ್ಟಿಲ ಮೇಲೆ, ದೊರೆಯ ಎದುರಿಗೆ ಕೂತ. ಮಾತಾಡಬೇಕು. ಏನು ಮಾತಾಡುವುದು? ಬಹಳ ಹೊತ್ತು ಯೋಚಿಸಿ ಕೇಳಿದ.

"ದೊರೆ... ಊಟ ಆಯ್ತಾ?"

ದೊರೆಯ ಕಿವಿ ನಿಮಿರಿತು. ಅದರ ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಮತ್ತೊಂದು ಸಲ. ಆಮೇಲೆ ಮೇಲಿಂದ ಮೇಲೆ, ಧೂಳೆಬ್ಬಿಸುವ ಹಾಗೆ, ಸೊಂಟವೂ ಸೇರಿ ಆಡಿತು. ವೇಣುವಿನ ಕಣ್ಣು ತುಂಬಿಬಂತು. ಎರಡೂ ಕೈ ಚಾಚಿ, "ಬಂದ್ಯಾ!" ಎಂದ.

ಅವನ ಬೆನ್ನ ಹಿಂದೆ ಆದಿಲಕ್ಷ್ಮಮ್ಮ ಬಾಗಿಲು ತೆರೆದು ನಿಂತಿದ್ದಳು. ದೊರೆ ವೇಣುವನ್ನು ಪಕ್ಕಕ್ಕೆ ತಳ್ಳಿಕೊಂಡು ಒಳಗೆ ನುಗ್ಗಿ, ಆದಿಲಕ್ಷ್ಮಮ್ಮನ ಸೀರೆಯಲ್ಲಿ ಮುಖ ಹುದುಗಿಸಿತು. ಅವಳು ಖಾಲಿ ಕೈ ಎರಡನ್ನೂ ಎತ್ತಿ ತೋರಿಸುತ್ತ, "ನಾನೇನೂ ಹಾಕಿಲ್ಲ ಕಣಪ್ಪ ವೇಣು, ಗೌರಿ ಆಣೆಗೂ ಏನೂ ಹಾಕಿಲ್ಲ" ಎಂದಳು.

"ಗೊತ್ತು ಅತ್ತೆ" ಎಂದ ವೇಣು.