ಒಂದು ದಿನ ಮೊದಲೇ ಬಂದ ಆಕಳು

ಗುರುವಾರವನ್ನು ಹಿಡಿದು ಬುಧವಾರದೊಳಗೆ ತುರುಕಬಲ್ಲವರನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಕೈಯಲ್ಲಿ ಸಿಕ್ಕೂ ಬದುಕಿ ಉಳಿದಿದ್ದೇನೆ! ಅವರು ನಮ್ಮ ಯಜಮಾನರ ಅಕ್ಕ. ಮನೆಯಲ್ಲಿ ಎಲ್ಲರಿಗೂ ಅವರು ಅಕ್ಕಾರು. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಈ ಬರಹವನ್ನೂ ಸಾಲು ಸಾಲಾಗಿ ಕತ್ತರಿಸಿ, ಅಕ್ಷರಮಾಲೆಯ ಪ್ರಕಾರ ಜೋಡಿಸಿ, ಪ್ರಿಂಟ್ ತೆಗೆದು ನನಗೇ ಕಳಿಸಿಯಾರು.

ನಾವಿರುವುದು ಹಾವೇರಿಯಲ್ಲಿ, ಅಕ್ಕಾರು ರಾಣೆಬೆನ್ನೂರಿನಲ್ಲಿ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ಅಂದಿನಿಂದ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ದುಡಿದು, ಯಾರಿಗೂ ಭಾರವಾಗದೆ ಬದುಕಿದ್ದಾರೆ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಆಫೀಸಿಗೆ ಕಂಪ್ಯೂಟರ್ ಬಂದದ್ದೇ ಬಂದದ್ದು, ಇಷ್ಟು ವರ್ಷ ಹಾಕದ ಭಾರವನ್ನೆಲ್ಲ ಒಟ್ಟಿಗೆ ನಮ್ಮ ತಲೆಯ ಮೇಲೆ ಹಾಕಿದರು ನೋಡಿ!

ಯಾವ ಬೀಜ ಎಂದು ಮೊಳಕೆಗೆ ಇಡಬೇಕು, ಎಂದು ತೆಗೆದು ನೋಡಬೇಕು ಎಂಬುದನ್ನು ಇಂಟರ್‌ನೆಟ್ಟಿನ ಕ್ಯಾಲೆಂಡರಿನಲ್ಲಿ ಬರೆದಿಡುವುದನ್ನು ಅಲ್ಲಿ ಕಲಿತರು. ಕಲಿತದ್ದನ್ನು ಬೀಜದ ಮಟ್ಟಿಗೇ ಬಿಡಬಾರದೇ? ಒಬ್ಬೊಬ್ಬರನ್ನಾಗಿ ನಮ್ಮನ್ನೂ ಅದರೊಳಗೆ ಬಿತ್ತಿದರು. ನಮ್ಮ ಹಬ್ಬ, ಹುಣ್ಣಿಮೆ, ಗ್ಯಾಸ್ ಸಿಲಿಂಡರಿಗೆ ನಂಬರ್ ಹಚ್ಚುವ ದಿನ, ಬ್ಯಾಡಗಿಗೆ ಹೋಗಿ ವರ್ಷದ ಮೆಣಸಿನಕಾಯಿ ತರುವ ದಿನ, ಕಡೆಗೆ ನಮ್ಮ ಯಜಮಾನರು ಕಟಿಂಗ್ ಮಾಡಿಸಿಕೊಳ್ಳುವ ದಿನ ಕೂಡ! ತಲೆಯ ಮೇಲೆ ಕೂದಲೇ ಉಳಿಯದ ಮನುಷ್ಯನಿಗೆ ತಿಂಗಳಿಗೊಂದು ಕಟಿಂಗು!

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ಆದರೆ ಕ್ಯಾಲೆಂಡರಿನಲ್ಲಿ ಬರೆದದ್ದು ಅವರಿಗೆ ಸಾಲದು. ಅದನ್ನು ಫೈಲಾಗಿ ಹೊರಗೆ ತೆಗೆಯಬೇಕು, ಸ್ಪ್ರೆಡ್‌ಶೀಟಿನ ಮನೆಗಳಲ್ಲಿ ಕೂರಿಸಬೇಕು, ಯಾರ ಯಾರ ಕೆಲಸ ಯಾವುದು ಎಂದು ಬೇರ್ಪಡಿಸಬೇಕು. ಪ್ರತಿ ಭಾನುವಾರ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಮಾಡುವುದು ಇದನ್ನೇ. ಒಂದು ದಿನ ನಾನು ಕೇಳಿಯೇ ಬಿಟ್ಟೆ.

"ಅಕ್ಕಾರ, ಕಡೀಕ ಶೀಟ್‌ನಾಗ ಬರೂದಾದ್ರ ಮೊದಲ ಅದರಾಗ ಬರದಬಿಟ್ರ ಆಗೂದಿಲ್ಲೇನ್ರಿ?"

ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ತಂಗೀ, ಹಂಗ ಮಾಡಿದ್ರ ಅದು ಬರಿಯೂದು. ಇದು ಕನ್ವರ್ಟ್ ಮಾಡೂದು. ಬ್ಯಾರೆ ಬ್ಯಾರೆ."

ಬೇರೆ ಬೇರೆಯಂತೆ! ಒಮ್ಮೆ ಆ ಫೈಲನ್ನು ನನಗೂ ತೋರಿಸಿದರು. ಪ್ರತಿ ಕೆಲಸಕ್ಕೂ ಮೇಲೊಂದು 'ಶುರು', ಕೆಳಗೊಂದು 'ಮುಗೀತು'. ನಡುವೆ ವರ್ಷ, ತಿಂಗಳು, ದಿನ, ತಾಸು, ನಿಮಿಷ ಎಲ್ಲ ಒಂದಕ್ಕೊಂದು ಅಂಟಿಕೊಂಡು, ಬೆಲ್ಲದ ಪಾಕಕ್ಕೆ ಬಿದ್ದ ಶೇಂಗಾದಂತೆ. ಒಂದೊಂದೇ ಕಾಳನ್ನು ಕಿತ್ತು ಬೇರೆ ಬೇರೆ ಡಬ್ಬಿಗೆ ಹಾಕುವುದೇ ಅವರ ಕನ್ವರ್ಟು.

ಕೀಳುವಾಗ ಕೆಲವು ಮುರಿಯುತ್ತಿದ್ದವು. ಶಿವರಾತ್ರಿಗೆ ತರಬೇಕಾದದ್ದು ಖರ್ಜೂರ, ಬಾಳೆಹಣ್ಣು, ಬಿಲ್ವಪತ್ರಿ ಎಂದು ಬರೆದಿದ್ದರು. ನಡುವಿನ ಅಲ್ಪವಿರಾಮ ಕಂಡದ್ದೇ ತಡ, ಶೀಟು ಮೂರನ್ನೂ ಮೂರು ಮನೆಗೆ ಹಂಚಿತು. ಖರ್ಜೂರ 'ಕೆಲಸ'ದ ಕೆಳಗೆ, ಬಾಳೆಹಣ್ಣು 'ಊರಿ'ನ ಕೆಳಗೆ, ಬಿಲ್ವಪತ್ರಿ 'ಯಾರು' ಎಂಬುದರ ಕೆಳಗೆ! ನಮ್ಮ ಯಜಮಾನರು ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಕ್ಕಾ, ಈ ಬಿಲ್ವಪತ್ರಿ ಅನ್ನಾಂವ ಯಾರು? ನಿಮ್ಮ ಆಫೀಸಿನಾಂವೇನು?"

"ನಗು ನಗು. ಮುಂದಿನ ವಾರ ಸರಿ ಮಾಡಿ ತರ್ತೇನಿ."

ಸರಿ ಮಾಡಿ ತಂದರು. ಈ ಸಲ ಶ್ರಾವಣಕ್ಕೆ ಪೆಟ್ಟು ಬಿತ್ತು. ಪ್ರತಿ ಸೋಮವಾರ ನನ್ನ ಉಪವಾಸ ಎಂದು ಕ್ಯಾಲೆಂಡರಿನಲ್ಲಿ ಒಮ್ಮೆ ಬರೆದು, ವಾರವಾರವೂ ಬರಲಿ ಎಂದು ಅದಕ್ಕೆ ಹೇಳಿಟ್ಟಿದ್ದರಂತೆ. ಅದು ಅಲ್ಲಿ ವಾರವಾರ ಬರುತ್ತಿತ್ತು. ಫೈಲಿಗೆ ಇಳಿದಾಗ ಮಾತ್ರ ಒಂದೇ ಸಲ ಬಂತು. ಅಕ್ಕಾರು ಫೋನ್ ಮಾಡಿ ಸಂತೋಷದಿಂದ ಹೇಳಿದರು: "ತಂಗೀ, ನಿನಗೀ ಸಲ ಆರಾಮ ನೋಡು. ಶ್ರಾವಣದಾಗ ಒಂದ ಸೋಮವಾರ ಐತಿ!"

ಶಿವ ಶಿವಾ! ನನ್ನ ಹೊಟ್ಟೆ ಒಪ್ಪೀತು, ಮೇಲಿರುವವನು ಒಪ್ಪಬೇಕಲ್ಲ! ಪುಣ್ಯಕ್ಕೆ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಮೊಳೆಗೆ ಜೋತುಬಿದ್ದ ಕ್ಯಾಲೆಂಡರೊಂದಿದೆ. ಕರೆಂಟು ಹೋದರೂ ಅದರಲ್ಲಿ ಸೋಮವಾರಗಳು ಕಮ್ಮಿಯಾಗುವುದಿಲ್ಲ. ಅದನ್ನು ನೋಡಿಕೊಂಡು ಎಲ್ಲ ಸೋಮವಾರ ಉಪವಾಸ ಮಾಡಿದೆ. ಅಕ್ಕಾರಿಗೆ ಹೇಳಲಿಲ್ಲ.

ಇಂಥವರ ಕೈಗೆ ಗೃಹಪ್ರವೇಶ ಕೊಟ್ಟರೆ ಏನಾಗಬೇಕು, ನೀವೇ ಹೇಳಿ!

ಬಾಡಿಗೆ ಮನೆಗಳಲ್ಲಿ ದೇವರ ಜಗಲಿಯನ್ನು ಒಮ್ಮೆ ಕಿಟಕಿಗೆ, ಒಮ್ಮೆ ಕಪಾಟಿಗೆ ಎತ್ತಿಟ್ಟು ಎತ್ತಿಟ್ಟು ಸೋತವಳು ನಾನು. ಅಂತೂ ದೇವರು ಕಣ್ಣು ಬಿಟ್ಟ. ಹಾವೇರಿಯ ಹೊರಗೆ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಸ್ವಂತ ಮನೆ ಎದ್ದು ನಿಂತಿತು. ಸುತ್ತ ನೆರೆಹೊರೆಯಿಲ್ಲ, ಜಾಲಿಗಿಡ ಮಾತ್ರ. ಇರಲಿ, ಜಾಲಿಗಿಡ ಬಾಡಿಗೆ ಕೇಳುವುದಿಲ್ಲವಲ್ಲ! ಅಯ್ಯನವರು ಪಂಚಾಂಗ ನೋಡಿ ಗುರುವಾರ ನಸುಕಿನ ನಾಲ್ಕು ಐವತ್ತರ ಮುಹೂರ್ತ ತೆಗೆದರು. "ಇದು ತಪ್ಪಿದ್ರ ಮುಂದ ಎರಡು ತಿಂಗಳ ನಿಮಗ ಕೂಡಿ ಬರೂದಿಲ್ಲವಾ" ಎಂದೂ ಹೇಳಿದರು. ಇತ್ತ ಬಾಡಿಗೆ ಮನೆಯವರು ತಿಂಗಳ ಕೊನೆಗೆ ಮನೆ ಬಿಡಲೇಬೇಕು ಎಂದು ಕೂತಿದ್ದರು.

ಪದ್ಧತಿ ನಿಮಗೆ ಗೊತ್ತೇ ಇದೆ. ಮೊದಲು ಆಕಳು ಕರು ಒಳಗೆ ಹೋಗಬೇಕು. ಅದರ ಹಿಂದೆ ತುಂಬಿದ ಕೊಡ ಹೊತ್ತ ಮುತ್ತೈದೆಯರು. ಅವರ ಹಿಂದೆ ದೇವರ ಫೋಟೋ, ದೀಪ ಹಿಡಿದು ನಾವಿಬ್ಬರು. ಬ್ಯಾಡಗಿಯಿಂದ ನಮ್ಮ ಚಿಗವ್ವ, ಅಂದರೆ ಯಜಮಾನರ ಚಿಕ್ಕಪ್ಪನ ಹೆಂಡತಿ, ತನ್ನ ಸೊಸೆಯರನ್ನೂ ಕರೆದುಕೊಂಡು ಐದು ಜನ ಮುತ್ತೈದೆಯರಾಗಿ ಬರುವುದು ಎಂದಾಯಿತು. ಅಕ್ಕಾರು ಹೇಳಿದರು: "ಪತ್ರಿಕಾ ಗಿತ್ರಿಕಾ ಯಾತಕ್ಕ? ಯಾರ‍್ಯಾರು ಯಾವಾಗ ಏನ ಮಾಡಬೇಕು, ಅವರವರಿಗೆ ಒಂದೊಂದ ಚೀಟಿ ಮಾಡಿ ಕಳಸ್ತೇನಿ. ಕೆಲಸದ ಹೊತ್ತಿಗೆ ನಾ ಅಂತೂ ಮುಂದ ನಿಂದ್ರೂಹಂಗಿಲ್ಲ. ಇದನ್ನರ ಮಾಡ್ತೇನಿ."

ಆ ಕೊನೆಯ ಮಾತು ಕೇಳಿ, ಆಗಲಿ ಅಕ್ಕಾರ ಎಂದೆ.

ಚೀಟಿಗಳು ಹೊರಟವು. ಅಡುಗೆಯವನಿಗೊಂದು, ಆಕಳಿನವನಿಗೊಂದು, ಚಿಗವ್ವನಿಗೊಂದು, ಅಯ್ಯನವರಿಗೂ ಒಂದು! ನನಗೂ ಒಂದು ಬಂತು. ನನ್ನ ಮುಹೂರ್ತ ನನಗೆ ಬಾಯಿಪಾಠವಿರುವಾಗ ಅದನ್ನೇನು ಓದುವುದು ಎಂದು ಮಡಚಿ, ಅಲುಗಾಡುತ್ತಿದ್ದ ಮಿಕ್ಸರಿನ ಕೆಳಗೆ ಕೊಟ್ಟೆ. ಮಿಕ್ಸರು ಸುಮ್ಮನಾಯಿತು.

ಬುಧವಾರ ಇನ್ನೂ ಕತ್ತಲೆ. ಫೋನ್ ಹೊಡೆದುಕೊಂಡಿತು. ಎತ್ತಿದರೆ ಚಿಗವ್ವ.

"ಏನಬೇ, ನಮ್ಮನ್ನ ಕರದು ಬಾಗಲಾ ಕೀಲಿ ಹಾಕ್ಕೊಂಡು ಮಲಗೀಯೇನು?"

"ಎಲ್ಲಿದ್ದೀರಿ ಚಿಗವ್ವಾ?"

"ಎಲ್ಲಿರಬೇಕು? ನಿನ್ನ ಹೊಸಾ ಮನಿ ಮುಂದ! ಇಲ್ಲಿ ನಾವು ಐದು ಮಂದಿ, ಒಂದು ಆಕಳಾ, ಒಂದು ಕರಾ. ನೀವಿಬ್ಬರ ಇಲ್ಲ!"

ನಾವು ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಹೋಗಿ ನೋಡಿದರೆ ಜಾಲಿಗಿಡದ ನಡುವೆ ರೇಷ್ಮೆ ಸೀರೆ ಉಟ್ಟ ಐದು ಮಂದಿ, ಚಳಿಗೆ ಸೆರಗು ಹೊದ್ದು, ಸಿಟ್ಟಿಗೆ ಮುಖ ಊದಿಸಿಕೊಂಡು ಸಾಲಾಗಿ ನಿಂತಿದ್ದಾರೆ. ಆಕಳು ಹೊಸ ಗೇಟನ್ನು ನೆಕ್ಕುತ್ತಿದೆ. ಅಯ್ಯನವರೊಬ್ಬರು ಬಂದಿರಲಿಲ್ಲ. ಅವರು ಚೀಟಿ ಬಿಟ್ಟು ಪಂಚಾಂಗ ನಂಬಿದ್ದರು.

"ಬಂದೇವಲ್ಲ, ಇವತ್ತ ಮಾಡಿ ಮುಗಸ್ರಿ" ಎಂದಳು ಚಿಗವ್ವ. ಅಯ್ಯನವರಿಗೆ ಫೋನ್ ಮಾಡಿದರೆ, ಇವತ್ತು ಸುತರಾಂ ಆಗದು ಎಂದರು. "ಹಂಗಾರ ನಾಳೆ ಮತ್ತೊಮ್ಮೆ ಬರ್ರಿ ಚಿಗವ್ವಾ, ನಿಮ್ಮ ಕಾಲ ಹಿಡಿತೇನಿ" ಎಂದೆ. "ನಾಳೆ ಗುರುವಾರ. ಬ್ಯಾಡಗ್ಯಾಗ ಮೆಣಸಿನಕಾಯಿ ಸಂತಿ. ಗಾಡಿ ಎಲ್ಲಿಂದ ತರ್ಲಿ? ಮನ್ಯಾಗ ಮಂದಿಗೆ ಅಡಗಿ ಯಾರು ಮಾಡಬೇಕು? ನಿನ್ನ ಚೀಟೀ ಏನು?" ಆಕಳಿನವನದೂ ಅದೇ ಹಾಡು. "ಆಕಳಾ ನಾಳೆ ಮೋಟೆಬೆನ್ನೂರಾಗ ಬ್ಯಾರೆ ಮನಿಗೆ ಒಪ್ಪೇತ್ರಿ ಅಕ್ಕಾ." ಆಕಳಿನ ಡೇಟೂ ಸಿಗದ ಕಾಲ! ಎಲ್ಲರೂ ಹೋದರು. ಹೋಗುವ ಮುಂಚೆ ಆಕಳು ಬಾಗಿಲ ಮುಂದೆ ಸಗಣಿ ಹಾಕಿತು. ಅದೊಂದು ಶುಭ. ನಾಳೆ ಅಂಗಳ ಸಾರಿಸಲಿಕ್ಕಾದರೂ ಆಯಿತು ಎಂದು ಎತ್ತಿಟ್ಟುಕೊಂಡೆ. ಆಮೇಲೆ ಅಲ್ಲೇ ಕೂತು ಅತ್ತೆ.

ಮಧ್ಯಾಹ್ನ ಅಕ್ಕಾರು ಹೂವು, ಮಾವಿನ ಎಲೆ ಹೊತ್ತು ಬಸ್ಸಿಳಿದು ಹೊಸ ಮನೆಗೇ ಬಂದರು. ನಡೆದದ್ದನ್ನು ಯಜಮಾನರು ಹೇಳಿದರು. ಅಕ್ಕಾರು ಚೀಲದಿಂದ ಕಾಗದಗಳನ್ನು ತೆಗೆದು ಮರಳಿನ ಗುಡ್ಡೆಯ ಮೇಲೆ ಹರವಿ ನೋಡಿದರು. ನೋಡಿ ನೋಡಿ ಹಣೆ ಬಡಿದುಕೊಂಡರು.

ಆದದ್ದು ಇಷ್ಟು. ಕ್ಯಾಲೆಂಡರಿನಿಂದ ಇಳಿಸಿದ ಆ ಫೈಲು ಬರೆಯುವುದು ನಮ್ಮ ಗಡಿಯಾರವನ್ನಲ್ಲ, ಇಂಗ್ಲೆಂಡಿನ ಗಡಿಯಾರವನ್ನಂತೆ! ನಮಗಿಂತ ಐದೂವರೆ ತಾಸು ಹಿಂದೆ. ಪೂಜೆಯ ಸಾಲಿನಲ್ಲಿ ರಾತ್ರಿ ಹನ್ನೊಂದು ಇಪ್ಪತ್ತು ಎಂದು ಬಂದದ್ದನ್ನು ನೋಡಿ ಅಕ್ಕಾರು, 'ಇಷ್ಟೊತ್ತಿನ್ಯಾಗ ಪೂಜಿ ಯಾರು ಮಾಡ್ತಾರ' ಎಂದು ನಕ್ಕು, ಎಲ್ಲ ವೇಳೆಯನ್ನೂ ಕೈಯಾರೆ ತಿದ್ದಿದ್ದಾರೆ. ಪಕ್ಕದಲ್ಲೇ ಕೂತಿದ್ದ ತಾರೀಖನ್ನು ತಿದ್ದಿಲ್ಲ. ಊಟ, ತಿಂಡಿಯ ತಾರೀಖೆಲ್ಲ ಸರಿ. ನಸುಕಿನದು ಮಾತ್ರ ಹಿಂದಿನ ದಿನಕ್ಕೆ ಜಾರಿತು. ನಾವಿಲ್ಲಿ ಎದ್ದು ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿಯವರದು ನಿನ್ನೆಯೇ ಮುಗಿದಿರುವುದಿಲ್ಲವಂತೆ! ಅಂಥವರ ಗಡಿಯಾರಕ್ಕೆ ನನ್ನ ಮನೆದೇವರನ್ನು ಒಪ್ಪಿಸಿದ್ದರಲ್ಲ, ಏನು ಹೇಳಲಿ!

"ಎಲ್ಲಾರಿಗೂ ನಾನ ಫೋನ್ ಮಾಡಿ ಬೇಡಕೋತೇನಿ" ಎಂದು ಅಕ್ಕಾರು ಮೊದಲು ಚಿಗವ್ವನಿಗೇ ಹಚ್ಚಿದರು. ಚಿಗವ್ವನ ದನಿಗೆ ಫೋನೇ ಬೇಕಾಗಿಲ್ಲ. ಮಾರು ದೂರ ನಿಂತ ನನಗೂ ಕೇಳಿಸಿತು. "ಮುಂದ ಬಿದ್ದು ಮಾಡಾಕ ಹೋದ್ರ ಹಿಂಗ ಆಗತೈತಿ. ಹಿಂದಿರಬೇಕಾದಾಕಿ ಹಿಂದಿರಬೇಕು!"

ಅಕ್ಕಾರು ಫೋನ್ ಕೆಳಗಿಟ್ಟರು. "ಸಿಗ್ನಲ್ ಸರಿ ಇಲ್ಲ. ಏನಂದಳೋ, ಒಂದೂ ಕೇಳಸಲಿಲ್ಲ" ಎಂದರು. ಆಮೇಲೆ ಸಂಜೆಯವರೆಗೂ ಅಂಗಳ ಸಾರಿಸಿ, ತೋರಣ ಕಟ್ಟಿದರು.

ಗುರುವಾರ ನಸುಕು. ಅಯ್ಯನವರು ಬಂದರು. ಆಕಳಿಲ್ಲ, ಮುತ್ತೈದೆಯರಿಲ್ಲ. ಬಾಗಿಲ ಮುಂದೆ ತುಂಬಿದ ಕೊಡ ಒಂದೇ ಕೂತಿದೆ. ಯಜಮಾನರ ಎರಡೂ ಕೈಯಲ್ಲಿ ದೇವರ ಫೋಟೋ, ನನ್ನ ಕೈಯಲ್ಲಿ ದೀಪ. ಅಯ್ಯನವರು ಗಡಿಯಾರ ನೋಡಿದರು.

"ಕೊಡಾ ಹೊರಾವ್ರು ಯಾರವಾ? ಹೊತ್ತು ಮೀರತೈತಿ."

ತಿರುಗಿ ನೋಡಿದರೆ ಅಕ್ಕಾರು ಆಗಲೇ ಮನೆಯ ಹಿಂದಕ್ಕೆ ಹೊರಟಿದ್ದರು.

"ಎಲ್ಲಿ ಹೊಂಟ್ರಿ ಅಕ್ಕಾರ?"

"ನೀರಿನ ಟ್ಯಾಂಕ್ ತುಂಬೇತೇನ ನೋಡ್ತೇನಿ. ನೀವು ಒಳಗ ಹೋಗ್ರಿ. ಹಿಂದ ಬರ್ತೇನಿ."

ಟ್ಯಾಂಕಿಗೆ ಇನ್ನೂ ನಲ್ಲಿಯನ್ನೇ ಜೋಡಿಸಿರಲಿಲ್ಲ.

"ಇಲ್ಲಿ ಬರ್ರಿ. ಕೊಡಾ ಎತ್ಕೊಳ್ರಿ."

"ನಾನಾ? ಹುಚ್ಚು ಗಿಚ್ಚು ಹಿಡದೈತೇನ ನಿನಗ? ಮೊದಲ ಹೆಜ್ಜಿ ನಂದಾ? ನಾಳೆ ಏನಾದ್ರೂ ಆತಂದ್ರ..."

"ನನ್ನ ಮನಿ ಮುಹೂರ್ತಕ್ಕ ಬಂದು ನಿಂತಾವ್ರು ನೀವೊಬ್ಬರ ಅಕ್ಕಾರ. ನನಗ ಮತ್ತ ಯಾರನ್ನ ಕರೀಬೇಕೋ ಗೊತ್ತಿಲ್ಲ."

ಅವರು ಅಯ್ಯನವರ ಕಡೆ ನೋಡಿದರು. ಅಯ್ಯನವರು ಮಂತ್ರ ಶುರು ಮಾಡಿದರು. ಯಜಮಾನರು ಫೋಟೋ ಎದೆಗಪ್ಪಿಕೊಂಡು ಪಕ್ಕಕ್ಕೆ ಸರಿದು ಅಕ್ಕನಿಗೆ ದಾರಿ ಬಿಟ್ಟರು.

ಅಕ್ಕಾರು ಸೆರಗಿಗೆ ಕೈ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಕೊಡ ಎತ್ತಿದರು. ಹೊಸ್ತಿಲ ಮುಂದೆ ಬಂದು ನಿಂತು, ಊರಿನ ಎಲ್ಲರ ಕೆಲಸವನ್ನೂ ನಿಮಿಷ ನಿಮಿಷಕ್ಕೆ ಬರೆದಿಡುವ ನಮ್ಮ ಅಕ್ಕಾರು, ಸಣ್ಣ ಹುಡುಗಿಯ ಹಾಗೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು.

"ತಂಗೀ, ಯಾವ ಕಾಲು ಮೊದಲ ಇಡೂದು?"

"ಬಲಗಾಲು ಅಕ್ಕಾರ."

ಇಟ್ಟರು. ಕೊಡದ ನೀರು ತುಳುಕಿತು. ಹೊಸ್ತಿಲೆಲ್ಲ ಒದ್ದೆಯಾಯಿತು. ಆ ನೀರನ್ನು ತುಳಿದುಕೊಂಡೇ ಅವರ ಹಿಂದೆ ನಾವೂ ಒಳಗೆ ಹೋದೆವು.