ಚಿಕ್ಕಪ್ಪನ ಗಿಟಾರಿನ ಕತ್ತು

ಭಯಪಡುವ ವಿಷಯದಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವವರು ಇಡೀ ಹೊಸೂರು ತಾಲೂಕಿನಲ್ಲಿ ಇರಲಿಲ್ಲ. ಇದ್ದಿದ್ದರೆ ಅವರನ್ನು ಕಂಡೂ ಚಿಕ್ಕಪ್ಪ ಭಯಪಡುತ್ತಿದ್ದರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಸಂಜೆ ಬೀರುವಿಗೆ ಬೀಗ ಹಾಕಿ ಜಗ್ಗಿ ನೋಡುತ್ತಿದ್ದರು. ಅರ್ಧ ದಾರಿ ಬಂದವರು ವಾಪಸು ಹೋಗಿ ಇನ್ನೊಮ್ಮೆ ಜಗ್ಗುತ್ತಿದ್ದರು. ಹೀಗೆ ಜಗ್ಗಿ ಜಗ್ಗಿ ಒಂದು ದಿನ ಬೀಗವೇ ಕಿತ್ತು ಕೈಗೆ ಬಂತು. ಬಸ್ಸಿನಲ್ಲಿ ಮುಂದೆ ಕೂತರೆ ಎದುರಿನ ಲಾರಿಯ ಭಯ, ಹಿಂದೆ ಕೂತರೆ ಹಿಂದಿನ ಲಾರಿಯ ಭಯ. ಹಾಗಾಗಿ ಸೀಟು ಖಾಲಿಯಿದ್ದರೂ ನಡುವೆ ನಿಂತೇ ಪ್ರಯಾಣ.

ಇಂಥ ಮನುಷ್ಯ ಒಂದು ಭಾನುವಾರ ಬೆಂಗಳೂರಿನಿಂದ ಬಸ್ಸಿನಲ್ಲಿ ಮುರಿದ ಗಿಟಾರನ್ನು ತಂದರು ಎಂದರೆ ನೀವು ನಂಬುತ್ತೀರಾ? ನಾವೂ ನಂಬಿರಲಿಲ್ಲ. ಹಳೆಯ ಜಮಖಾನದಲ್ಲಿ ಸುತ್ತಿ, ಮಗುವನ್ನು ಹೊತ್ತ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದರು. ಬಿಚ್ಚಿ ನೋಡಿದರೆ ಉದ್ದನೆಯ ಮರದ ಹಲಗೆ, ಹೊಟ್ಟೆಯಿಂದ ಕರುಳಿನಂತೆ ಜೋತಾಡುವ ವೈರುಗಳು, ಬಿರುಕು ಬಿಟ್ಟ ಕತ್ತು. ತಂತಿ ಒಂದೂ ಇರಲಿಲ್ಲ.

ಅಜ್ಜಿ ಕನ್ನಡಕ ಏರಿಸಿಕೊಂಡು ಕೇಳಿದರು. "ಏನ್ಲಾ ಇದು? ತಂಬೂರಿನಾ, ಬಂಡಿ ಮೂಕಿನಾ?"

"ಬೇಸ್ ಗಿಟಾರ್ ಕಣಮ್ಮ. ಆರ್ಕೆಸ್ಟ್ರಾದಾಗೆ ಹಿಂದ್ಗಡೆ ನಿಂತ್ಕಂಡು ಡುಂ ಡುಂ ಅಂತ ಬಾರಿಸ್ತಾರಲ್ಲ, ಅದು."

ವಿಷಯ ಏನೆಂದರೆ, ಚಿಕ್ಕಪ್ಪನಿಗೆ ಸಂಗೀತವೆಂದರೆ ಪ್ರಾಣ, ಜನವೆಂದರೆ ಪ್ರಾಣಭಯ. ಬಚ್ಚಲಮನೆಯಲ್ಲಿ ಅವರಷ್ಟು ಚೆನ್ನಾಗಿ ಹಾಡುವವರಿಲ್ಲ. ಬಚ್ಚಲ ಬಾಗಿಲು ತೆಗೆದರೆ ಹಾಡು ನಿಂತುಹೋಗುತ್ತಿತ್ತು. ಆ ವರ್ಷ ಕೃಷ್ಣಗಿರಿಯಲ್ಲಿ ಯಾರದೋ ಮದುವೆಗೆ ಹೋದಾಗ ಅವರು ಒಂದು ಸಂಗತಿ ಕಂಡುಹಿಡಿದರಂತೆ. ಹಾಡುವವರನ್ನು ಎಲ್ಲರೂ ನೋಡುತ್ತಾರೆ, ಡ್ರಮ್ಮಿನವನನ್ನು ಮಕ್ಕಳು ನೋಡುತ್ತಾರೆ, ಹಿಂದೆ ನಿಂತು ಬೇಸ್ ಬಾರಿಸುವವನನ್ನು ಮಾತ್ರ ಯಾರೂ ನೋಡುವುದಿಲ್ಲ. ಆದರೂ ಅವನು ತನ್ನಷ್ಟಕ್ಕೆ ನಗುತ್ತಿದ್ದನಂತೆ! ಅಂದೇ ಚಿಕ್ಕಪ್ಪ ತೀರ್ಮಾನ ಮಾಡಿದರು. ಹೊಸದನ್ನು ಕೊಳ್ಳುವುದು ಗುಮಾಸ್ತರ ಸಂಬಳದ ಮಾತಲ್ಲ. ಮುಚ್ಚಿಹೋದ ಆರ್ಕೆಸ್ಟ್ರಾ ಒಂದರ ವಾದ್ಯಗಳು ಬೆಂಗಳೂರಿನ ಶಾಮಿಯಾನ ಅಂಗಡಿಯೊಂದರ ಮೂಲೆಯಲ್ಲಿ ಬಿದ್ದಿದ್ದವಂತೆ. ಬಸ್ಸಿನ ಟಾಪಿನಿಂದ ಬಿದ್ದು ಕತ್ತು ಮುರಿದುಕೊಂಡಿದ್ದ ಇದನ್ನು ಅಂಗಡಿಯವನು ತೊಲಗಿದರೆ ಸಾಕೆಂದು ಕೊಟ್ಟಿದ್ದ.

ಮೊದಲ ಚಿಕಿತ್ಸೆ ಕತ್ತಿಗೆ. ಬಡಗಿಗಳು ಮರ ಅಂಟಿಸುವ ಗೋಂದಿಗೆ ನಮ್ಮ ಕಡೆ 'ವಜ್ರ' ಎನ್ನುತ್ತಾರೆ. ಕಂದು ಬಣ್ಣದ ಚೂರುಗಳನ್ನು ನೀರಿನಲ್ಲಿ ನೆನೆಸಿ ಒಲೆಯ ಮೇಲೆ ಕರಗಿಸಬೇಕು. ಅಜ್ಜಿ ಯಾವುದೋ ವಾಸನೆ ಎಂದು ಬಂದು ವಿಚಾರಿಸಿದಾಗ ಚಿಕ್ಕಪ್ಪ ವಜ್ರ ಕಾಯಿಸುತ್ತಿದ್ದೇನೆ ಎಂದರು. ಮಗ ಏನೋ ಬೆಲೆಬಾಳುವ ಕೆಲಸ ಹಿಡಿದಿದ್ದಾನೆಂದು ಅಜ್ಜಿ ಸಂತೋಷದಿಂದ ಸೌದೆಯನ್ನೂ ತಳ್ಳಿಕೊಟ್ಟರು. ಅದು ದನದ ಚರ್ಮ, ಮೂಳೆ ಬೇಯಿಸಿ ಮಾಡುವ ಪದಾರ್ಥವೆಂದು ಗೊತ್ತಾದದ್ದು ಸಂಜೆಗೆ. ಮೊಟ್ಟೆಯೂ ಒಳಗೆ ಬಾರದ ಅಡುಗೆಮನೆ ನಮ್ಮದು! ಆ ರಾತ್ರಿ ಊಟವಿಲ್ಲ. ಮಾರನೆಯ ದಿನ ಇಡೀ ಮನೆ ತೊಳೆದು, ಪಾತ್ರೆಯನ್ನು ಬೀದಿಗೆ ಎಸೆದು, ಗಿಟಾರಿನ ಜೊತೆಗೆ ಚಿಕ್ಕಪ್ಪನನ್ನೂ ಹಿತ್ತಲಿಗೆ ಕಳಿಸಲಾಯಿತು.

ಅಂಟಿಸಿದ ಕತ್ತು ಒಣಗುವವರೆಗೆ ಒತ್ತಡದಲ್ಲಿರಬೇಕು. ಹಳೇ ಸೈಕಲ್ ಟ್ಯೂಬು ಸುತ್ತಿ ಬಿಗಿದು, ಮೇಲೆ ರುಬ್ಬುಗುಂಡು ಹೇರಿದರು. ಅಷ್ಟು ದಿನವೂ ಮನೆಯಲ್ಲಿ ದೋಸೆ ಇಲ್ಲ, ಇಡ್ಲಿ ಇಲ್ಲ. ಹಿತ್ತಲ ಕೋಣೆಯ ಪಕ್ಕ ಯಾರೂ ಜೋರಾಗಿ ನಡೆಯುವಂತಿಲ್ಲ, ನೆಲ ಅದುರಿ ಅಂಟು ಬಿಟ್ಟರೆ? ಸೀನುವಂತಿಲ್ಲ. ನನ್ನ ತಂದೆಗೆ ಆಗ ನೆಗಡಿ. ಪಾಪ, ಸೀನು ಬಂದಾಗಲೆಲ್ಲ ಬೀದಿಗೆ ಓಡುತ್ತಿದ್ದರು. ಕಚೇರಿಯಿಂದ ಬಂದ ಚಿಕ್ಕಪ್ಪ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: "ಕತ್ತು ಹೆಂಗೈತೆ?" ಮನೆಯಲ್ಲಿ ಯಾರಿಗೋ ತುಂಬಾ ಸೀರಿಯಸ್ಸಾಗಿದೆಯೆಂದು ಪಕ್ಕದ ಮನೆಯವರು ಹಣ್ಣು ತಂದುಕೊಟ್ಟರು.

ಕತ್ತು ಕೂಡಿತು. ಆದರೆ ಒಳಗಿನ ತಾಮ್ರದ ಸುರುಳಿ ಸುಟ್ಟುಹೋಗಿತ್ತು. ಅದಿಲ್ಲದೆ ಸದ್ದು ತಂತಿಯಿಂದ ವೈರಿಗೆ ಇಳಿಯುವುದಿಲ್ಲವಂತೆ. ಬಸ್ ನಿಲ್ದಾಣದ ಬಳಿ ಬಾವಿಯ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಗೆ ಒಯ್ದರು. ಅಂಗಡಿಯವನು ಬೆಂಕಿಪೊಟ್ಟಣದಷ್ಟಿದ್ದ ಅದನ್ನು ತಿರುಗಿಸಿ ನೋಡಿ, ಇದು ಎಷ್ಟು ಹೆಚ್‌ಪಿ ಸಾರ್ ಎಂದು ತಮಿಳಿನಲ್ಲಿ ಕೇಳಿದ. ಗೊತ್ತಿಲ್ಲ ಎನ್ನಲು ಚಿಕ್ಕಪ್ಪನಿಗೆ ಭಯ. ಅರ್ಧ ಎಂದರು. ಅವನಿಗೆ ಸಮಾಧಾನವಾಗಿ, ಕೂದಲಿನಂಥ ತಂತಿ ಹುಡುಕಿ ಸುತ್ತಿಕೊಟ್ಟ.

ತಂತಿಗಳ ಕಥೆ ಬೇರೆ. ಯಾರೋ ಬಿಸಾಡಿದ್ದ ಹಳೆಯ ತಂತಿಗಳನ್ನು ಸಂಪಾದಿಸಿದರು. ಕುದಿಸಿದರೆ ಕೊಳೆ ಬಿಟ್ಟು ಹೊಸದರಂತಾಗುತ್ತವೆಂದು ಯಾರೋ ಹೇಳಿದ್ದರು. ಅಡುಗೆಮನೆಗೆ ಪ್ರವೇಶವಿಲ್ಲದ ಕಾರಣ ಬಚ್ಚಲ ಹಂಡೆಗೇ ಹಾಕಿದರು. ಆ ದಿನ ಮೊದಲು ನೀರು ತೋಡಿಕೊಂಡವರು ನಮ್ಮ ತಂದೆ. ಚೊಂಬಿನಲ್ಲಿ ಹಾವು ಬಂತೆಂದು ಟವೆಲ್ಲಿನಲ್ಲೇ ಅಂಗಳಕ್ಕೆ ಬಂದುಬಿಟ್ಟರು.

ಕೊನೆಗೆ ಅದಕ್ಕೆ ಕರೆಂಟು ಕೊಡುವ ದಿನ ಬಂತು. ಆಂಪ್ಲಿಫೈಯರ್ ಎಲ್ಲಿಂದ ಬರಬೇಕು? ನಮ್ಮ ಹಳೆಯ ವಾಲ್ವ್ ರೇಡಿಯೋದ ಬೆನ್ನಿಗೆ ಗ್ರಾಮಫೋನ್ ಸಿಕ್ಕಿಸಲು ಎರಡು ತೂತುಗಳಿದ್ದವು. ಗಿಟಾರಿನ ವೈರನ್ನು ಅಲ್ಲಿಗೆ ಸಿಕ್ಕಿಸುವುದೆಂದು ನಿಶ್ಚಯವಾಯಿತು. ಈಗ ಭಯಪಡುವ ಸರದಿ ನಮ್ಮದು. ಚಿಕ್ಕಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡು ಮರದ ಮಣೆಯ ಮೇಲೆ ನಿಂತರು. ಅವರ ಬೆನ್ನ ಹಿಂದೆ ಚಿಕ್ಕಮ್ಮ ಮಜ್ಜಿಗೆ ಕಡೆಯುವ ಕಡಗೋಲು ಎತ್ತಿ ನಿಂತರು. ಶಾಕ್ ಹೊಡೆದರೆ ಒಣ ಮರದಿಂದ ಬಡಿದು ಬಿಡಿಸಬೇಕಂತೆ. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತ್ತು, ತುಟಿ ದೇವರ ನಾಮ ಹೇಳುತ್ತಿತ್ತು.

ಚಿಕ್ಕಪ್ಪ ದಪ್ಪ ತಂತಿಯನ್ನು ಒಮ್ಮೆ ಮೀಟಿದರು.

ಅಟ್ಟದ ಪಾತ್ರೆಗಳೆಲ್ಲ ಗುಂಯ್ ಎಂದವು. ಕಿಟಕಿ ನಡುಗಿತು. ಡೆಂಕಣಿಕೋಟೆ ಕಡೆಯಿಂದ ಬಂದು ಜಗಲಿಯಲ್ಲಿ ಮಲಗಿದ್ದ ಅಜ್ಜಿಯ ತಮ್ಮ ಎದ್ದವರೇ ಕೈಗೆ ಸಿಕ್ಕ ತಗಡಿನ ಡಬ್ಬ ಬಡಿಯತೊಡಗಿದರು. ರಾಗಿ ಹೊಲಕ್ಕೆ ಆನೆ ನುಗ್ಗಿತೆಂದೇ ಅವರ ನಂಬಿಕೆ. ಈ ಗದ್ದಲಕ್ಕೆ ಬೆಚ್ಚಿದ ಚಿಕ್ಕಮ್ಮ ಕಡಗೋಲು ಬೀಸಿಯೇಬಿಟ್ಟರು. ಏಟು ಭುಜಕ್ಕೆ ಬಿತ್ತು. ನೋವಿನಲ್ಲೂ ಚಿಕ್ಕಪ್ಪ ಹೇಳಿದ್ದು, "ಕತ್ತಿಗೆ ತಗಲ್ಲಿಲ್ಲ ತಾನೆ?"

ಮುಂದೆ ಹೊಸೂರಿನ ಕಾರ್ಖಾನೆಯೊಂದರ ಹುಡುಗರು ಕಟ್ಟಿದ ಆರ್ಕೆಸ್ಟ್ರಾಕ್ಕೆ ಅವರು ಸೇರಿಕೊಂಡರು. ನಮ್ಮ ಕಡೆಯ ಮದುವೆಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಹಾಡಬೇಕು, ಇಲ್ಲದಿದ್ದರೆ ಬೀಗರಲ್ಲಿ ಯಾರೋ ಒಬ್ಬರು ಮುನಿಸಿಕೊಳ್ಳುತ್ತಾರೆ. ಚಿಕ್ಕಪ್ಪನಿಗೆ ಆ ಕಷ್ಟವಿಲ್ಲ. ಮೂರು ಭಾಷೆಗೂ ಅದೇ ಡುಂ. ಆದರೆ ಭಯ ಕಡಿಮೆಯಾಯಿತೆಂದುಕೊಂಡಿರಾ? ತಂತಿಗಳು ಸದಾ ಕತ್ತನ್ನು ಎಳೆಯುತ್ತಿರುತ್ತವೆ, ಅಂಟು ಯಾವಾಗ ಬೇಕಾದರೂ ಬಾಯಿ ಬಿಡಬಹುದು. ಅವರು ಹಾಡಿನುದ್ದಕ್ಕೂ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದರು. ತನ್ಮಯತೆ ಎಂದು ಜನ ತಿಳಿದಿದ್ದರು. ಕತ್ತು ಮುರಿಯುವುದನ್ನು ನೋಡಲಾರೆ ಎಂಬುದು ನಿಜವಾದ ಕಾರಣ.

ನನ್ನ ಮದುವೆ ಹೊಸೂರಿನ ಛತ್ರದಲ್ಲಿ ನಡೆಯಿತು. ಚಿಕ್ಕಪ್ಪನದೇ ಆರ್ಕೆಸ್ಟ್ರಾ. ಮನೆಮಗಳ ಮದುವೆಯಲ್ಲೇ ಕತ್ತು ಮುರಿದರೆ ಅಪಶಕುನ ಎಂದು ಅವರು ಹಿಂದಿನ ದಿನ ಬರುವುದಿಲ್ಲ ಎಂದರು. ಚಿಕ್ಕಮ್ಮ ಹೇಗೋ ಒಪ್ಪಿಸಿ ಕರೆತಂದರು. ನನಗಂತೂ ಬೆಳಿಗ್ಗೆಯಿಂದ ಒಂದೇ ಯೋಚನೆ. ಸಂಜೆಗೆ ಅಂಚೆಟ್ಟಿಯ ಆಚೆಗಿನ ಊರಿಗೆ, ಗುರುತಿಲ್ಲದ ಮನೆಗೆ ಹೋಗಬೇಕು. ಮದುಮಗನಾಗಿ ಪಕ್ಕದಲ್ಲಿ ಕೂತವರ ಜೊತೆ ಇನ್ನೂ ನಾಲ್ಕು ಮಾತೂ ಆಡಿರಲಿಲ್ಲ.

ಮಧ್ಯಾಹ್ನ, ಊಟದ ಪಂಕ್ತಿಗಳು ನಡೆಯುತ್ತಿದ್ದವು. ಹಸೆಯ ಮೇಲೆ ಕೂತಿದ್ದ ನಮ್ಮ ಹಿಂದೆಯೇ ಚಿಕ್ಕಪ್ಪ ನಿಂತಿದ್ದರು. ಕತ್ತಿಗೆ ಆಸರೆ ಇರಲೆಂದು ಗಿಟಾರಿನ ತಲೆಯನ್ನು ಛತ್ರದ ದೊಡ್ಡ ಮರದ ಬಾಗಿಲಿಗೆ ಒತ್ತಿಕೊಂಡಿದ್ದರು. ಹಾಡಿನ ನಡುವೆ ಕರೆಂಟು ಹೋಯಿತು. ಮೈಕು ನಿಂತಿತು, ಹಾಡುವವನು ನಿಂತ, ಡ್ರಮ್ಮಿನವನೂ ಕೋಲು ಕೆಳಗಿಟ್ಟ. ಕತ್ತಿನ ಮೇಲೇ ಗಮನವಿದ್ದ ಚಿಕ್ಕಪ್ಪನಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಇದ್ದರು.

ಆ ಹಳೆಯ ಬಾಗಿಲು ಸದ್ದನ್ನು ಹೀರಿಕೊಂಡು ಹೊರಗೆ ಬಿಡುತ್ತಿತ್ತು. ಮೆಲ್ಲಗೆ, ದುಂಡಗೆ, ಎದೆಯ ಹತ್ತಿರ ಯಾರೋ ಮಾತಾಡಿದ ಹಾಗೆ. ಮೊದಲು ನನಗೆ ಕೇಳಿತು. ಆಮೇಲೆ ಮುಂದಿನ ಸಾಲಿನವರಿಗೆ. ಡ್ರಮ್ಮಿನ ಹುಡುಗ ಅವರನ್ನು ತಟ್ಟಲು ಹೋದ. ಪಾಯಸದ ಬಕೆಟ್ ಹಿಡಿದು ಬರುತ್ತಿದ್ದ ಚಿಕ್ಕಮ್ಮ ಅಲ್ಲಿಂದಲೇ ಕೈ ಎತ್ತಿ ತಡೆದರು. ಮಾತುಗಳು ಒಂದೊಂದಾಗಿ ನಿಂತವು. ನಾನೂ ಸಂಜೆಯ ಪ್ರಯಾಣವನ್ನು ಮರೆತು ಕೇಳುತ್ತಿದ್ದೆ. ಪಕ್ಕದಲ್ಲಿದ್ದವರು ಬಗ್ಗಿ, ಇವರು ನಿಮ್ಮ ಚಿಕ್ಕಪ್ಪನಾ ಎಂದು ಮೆಲ್ಲನೆ ಕೇಳಿದರು. ನಾನು ತಲೆಯಾಡಿಸಿದೆ.

ಹಾಡು ಮುಗಿಸಿ ಚಿಕ್ಕಪ್ಪ ಕಣ್ಣು ತೆರೆದರು. ಇಡೀ ಛತ್ರ ಅವರೊಬ್ಬರನ್ನೇ ನೋಡುತ್ತಿತ್ತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಗಡಬಡಿಸಿ ಕತ್ತನ್ನು ಸವರಿ ನೋಡಿದರು.

"ಮುರೀತಾ?"

"ಏನೂ ಮುರಿದಿಲ್ಲ. ಕರೆಂಟ್ ಹೋಗೈತೆ ಅಷ್ಟೇ," ಎಂದರು ಚಿಕ್ಕಮ್ಮ. "ಮದ್ವೆ ಆದಾಗ್ನಿಂದ ನೋಡ್ತಾ ಇವ್ನಿ, ಒಂದ್ ದಿನಾನೂ ನಿಮ್ ಸಂಗೀತ ಸರಿಯಾಗಿ ಕೇಳೋಕೆ ಆಗಿಲ್ಲ. ಇನ್ನೊಂದ್ ಬಾರ್ಸಿ."

ಪಾಯಸದ ಬಕೆಟ್ಟನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಚಿಕ್ಕಮ್ಮ ಅವರ ಎದುರಿಗೆ ನೆಲದ ಮೇಲೆ ಕೂತರು. ಚಿಕ್ಕಪ್ಪ ಅವರನ್ನೇ ನೋಡುತ್ತಾ ಬಾರಿಸತೊಡಗಿದರು.