ಮೂರು ಪ್ಲಗ್ಗಿನ ಪೂಜೆ

ಹತ್ತು ಆಳಿನ ಮುದ್ದೆಯನ್ನು ಅರ್ಧ ತಿರುವಿದ್ದಾಗ ರಾಧಾಮಣಿಯ ಫೋನು ಬಡಿದುಕೊಂಡಿತು. ಮುದ್ದೆ ನಡುವೆ ಕೈ ಬಿಟ್ಟರೆ ಗಂಟಾಗುತ್ತದೆ, ಗಂಟಾದರೆ ಕಾಯಿ ಸುಲಿಯುವ ಆಳುಗಳು ಬಾಯಲ್ಲಿ ಏನೂ ಅನ್ನದೆ ತಟ್ಟೆಯಂಚಿಗೆ ಗಂಟುಗಳನ್ನು ಸಾಲಾಗಿ ಜೋಡಿಸಿಟ್ಟು ಹೋಗುತ್ತಾರೆ. ಅದಕ್ಕೇ ಅವಳು ಎತ್ತಲಿಲ್ಲ. ಫೋನು ನಾಲ್ಕನೇ ಸಲ ಬಡಿದುಕೊಂಡಾಗ ಮೊಣಕೈಯಲ್ಲಿ ಒತ್ತಿ, ಕೋಲು ತಿರುವುತ್ತಲೇ "ಹೇಳಿ" ಅಂದಳು.

ಗಂಡ ರೇಣುಕಪ್ರಸಾದ್ ತಿಪಟೂರಿನ ಮಾರ್ಕೆಟ್ಟಿನಿಂದ ಮಾತಾಡುತ್ತಿದ್ದ. "ಗುಜರಿ ಲಕ್ಷ್ಮಯ್ಯ ಸಿಕ್ಕವ್ನೆ ಕಣೇ. ನಾಲ್ಕು ಗಂಟೆಗೆ ಕರ್ಕಂಡು ಬತ್ತೀನಿ. ಕಾರೊಳಗೆ ನಿಂದೇನಾರ ಇದ್ರೆ ತೆಗೆದಿಟ್ಕೊ."

"ಯಾವ ಕಾರು?"

"ಮನೇಲಿ ಎಷ್ಟು ಕಾರವೆ? ಅದೇ, ಕೆಮ್ಮೋದು. ಲಕ್ಷ್ಮಯ್ಯ ತಗಂಡೋಗಿ ಬಿಚ್ಚಿಹಾಕ್ತಾನೆ."

"ಅದು ಓಡ್ತದಲ್ರೀ."

"ಓಡ್ತದಾ? ಹೋದ ವಾರ ಕುಂಟ್ಕಂಡು ಬರೋದನ್ನ ಊರೆಲ್ಲ ನೋಡೈತೆ. ಸರಿಯಾಗಿ ಓಡಂಗಿದ್ರೆ ನಾನ್ಯಾಕೆ ಗುಜರಿಗೆ ಹಾಕ್ಲಿ?" ಎಂದು ಫೋನಿಟ್ಟ.

ಇಪ್ಪತ್ತೆರಡು ವರ್ಷದ ಆ ಬಿಳಿ ಕಾರು ಜಗ್ಗತೊಡಗಿದ ಕಾಲದಲ್ಲಿ ರೇಣುಕಪ್ರಸಾದ್ ಅದನ್ನು ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಿ ಬೈಕು ಹಿಡಿದಿದ್ದ. "ಬೇಕಾದ್ರೆ ನೀನೇ ಓಡಿಸ್ಕೊ" ಎಂದು ನಕ್ಕಿದ್ದ. ಅವನು ತಮಾಷೆಗೆ ಅಂದದ್ದನ್ನು ರಾಧಾಮಣಿ ತಮಾಷೆಗೆ ತೆಗೆದುಕೊಳ್ಳಲಿಲ್ಲ. ತಿಪಟೂರಿಗೆ ಹೋಗಿ ಡ್ರೈವಿಂಗ್ ಕಲಿತು, ನಲವತ್ತಾರನೇ ವಯಸ್ಸಿನಲ್ಲಿ ಲೈಸೆನ್ಸು ತಂದಳು. ಆಮೇಲೆ ಪ್ರತಿ ಶುಕ್ರವಾರ ಬಿಳಿಗೆರೆಯಿಂದ ನೊಣವಿನಕೆರೆಯ ಅಕ್ಕನ ಮನೆಗೆ ಒಬ್ಬಳೇ ಹೋಗಿಬರುತ್ತಿದ್ದಳು. ಅಕ್ಕನನ್ನು ನೋಡಲೇಬೇಕೆಂದೇನೂ ಇರಲಿಲ್ಲ, ತನ್ನನ್ನು ನೋಡಲೆಂದೇ ಬರುತ್ತಾಳೆಂದು ಅಕ್ಕನೂ ತಿಳಿದಿರಲಿಲ್ಲ. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ, ಉಪ್ಪಿನ ಡಬ್ಬ ಎಲ್ಲಿದೆ ಎಂದು ಯಾರೂ ಅವಳನ್ನು ಕೇಳುತ್ತಿರಲಿಲ್ಲ. ವಾರವಿಡೀ ಅವಳು ಕಾಯುತ್ತಿದ್ದುದು ಆ ಒಂದೂವರೆ ಗಂಟೆಗೆ.

ಮುದ್ದೆಗೆ ಮುಚ್ಚಳ ಮುಚ್ಚಿ ಅವಳು ಗಡಿಯಾರ ನೋಡಿದಳು. ಹನ್ನೆರಡೂವರೆ. ಕಾರು ಕುಂಟುವುದು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಹಳತಾದದ್ದಕ್ಕೆ ಎಂದು ಅವಳಿಗೆ ಗೊತ್ತಿತ್ತು, ಹೊಸವು ಮನೆಯಲ್ಲೇ ಇದ್ದವು. ಹೋದ ವಾರ ತಿಪಟೂರಿನ ಕಲ್ಲೇಶನ ಅಂಗಡಿಯಲ್ಲಿ ಮೂರು ಹೊಸ ಪ್ಲಗ್ಗು ತಂದಿದ್ದಳು. ಅವನು ಕೊಡುವಾಗಲೇ ಹೇಳಿದ್ದ: "ಅಮ್ಮಾ, ಒಂದೊಂದೇ ಬಿಚ್ಚಿ, ಒಂದೊಂದೇ ಹಾಕಿ. ಮೂರೂ ಒಟ್ಟಿಗೆ ಬಿಚ್ಚಬ್ಯಾಡಿ. ವೈರು ಅದಲುಬದಲಾದ್ರೆ ಗಾಡಿ ಬ್ಯಾರೆ ಭಾಷೇಲಿ ಮಾತಾಡ್ತದೆ."

ಆಳುಗಳಿಗೆ ಬಡಿಸಿ, ಸೆರಗು ಸಿಕ್ಕಿಸಿ, ಡಿಕ್ಕಿಯಲ್ಲಿದ್ದ ಪ್ಲಗ್ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದಳು. ಕಲ್ಲೇಶ ಹೇಳಿದಂತೆ ಒಂದೇ ಒಂದು ವೈರು ಕಿತ್ತು, ಒಂದೇ ಒಂದು ಪ್ಲಗ್ಗು ಬಿಚ್ಚಿದಳು. ಹಾಗೇ ಮುಂದುವರಿದಿದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಬೇಲಿಯಾಚೆ ಈರಣ್ಣ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ.

ಈರಣ್ಣ ಮೂವತ್ತೈದು ವರ್ಷ ಕೊಬ್ಬರಿ ಲಾರಿ ಓಡಿಸಿ ಮನೆಯಲ್ಲಿ ಕೂತವನು. ಊರಲ್ಲಿ ಯಾವ ಬಾನೆಟ್ ಎತ್ತಿದರೂ, ಕೊಯ್ದ ಹಲಸಿಗೆ ನೊಣ ಬಂದ ಹಾಗೆ ಬರುತ್ತಿದ್ದ.

"ಒಂದು ಬಿಚ್ಚಿದ್ರೆ ಏನ್ ತಿಳೀತದೆ ಕಣವ್ವ? ಮೂರೂ ಬಿಚ್ಚು. ಪ್ಲಗ್ಗು ಅಂದ್ರೆ ಇಂಜಿನ್ನಿನ ಜಾತಕ. ಮೂರೂ ಸಾಲಾಗಿಟ್ರೆ ರೋಗ ಎಲ್ಲೈತೆ ಅಂತ ಹೇಳ್ಬುಡ್ತೀನಿ."

"ಅಂಗಡಿಯವನು ಒಂದೊಂದೇ ಅಂದ ಈರಣ್ಣ."

"ಅವ್ನು ಪ್ಲಗ್ಗು ಮಾರೋನು. ನಾನು ಲೋಡು ಹೊಡೆದೋನು."

ರಾಧಾಮಣಿಗೆ ಅಷ್ಟೇನೂ ನಂಬಿಕೆ ಬರಲಿಲ್ಲ. ಆದರೆ ಬೇಡ ಎಂದರೆ ಅವನು ಸಂಜೆತನಕ ಅದನ್ನೇ ಹೇಳುತ್ತಾನೆ ಎಂಬ ನಂಬಿಕೆ ಪೂರ್ತಿ ಇತ್ತು. ಗುರುತು ಹಾಕಿಕೊಂಡರಾಯಿತು ಎಂದುಕೊಂಡಳು. ಹಿಂದೆ ಯಾರೋ ಮೂರು ವೈರನ್ನೂ ಒಂದೇ ಅಳತೆಗೆ ಹಾಕಿದ್ದರಿಂದ ಉದ್ದ ನೋಡಿ ಹೇಳುವಂತಿರಲಿಲ್ಲ. ಜಿಡ್ಡು ಹಿಡಿದ ಕರಿ ವೈರಿನ ಮೇಲೆ ಪೆನ್ನೂ ಮೂಡಲಿಲ್ಲ. ದೇವರ ಗೂಡಿನ ಬಟ್ಟಲುಗಳನ್ನು ತಂದು, ಮೊದಲ ವೈರಿಗೆ ಅರಿಶಿನ, ನಡುವಿನದಕ್ಕೆ ಕುಂಕುಮ, ಕೊನೆಯದಕ್ಕೆ ವಿಭೂತಿ ಹಚ್ಚಿದಳು. ಉಳಿದೆರಡು ಪ್ಲಗ್ಗನ್ನೂ ತಿರುಗಿಸಿದಳು. ಕೊನೆಯದು ಬೇರು ಬಿಟ್ಟಂತೆ ಕೂತಿತ್ತು. ಈರಣ್ಣ ಕೈಹಾಕಿ, ಮುಖ ಕೆಂಪಗೆ ಮಾಡಿಕೊಂಡು, "ಇದು ಬರಲ್ಲ ಬುಡು" ಅಂದ. ಇಪ್ಪತ್ತಾರು ವರ್ಷ ಮುದ್ದೆ ತಿರುವಿದ ರಟ್ಟೆ ಒಂದು ಸಲ ಬಿಗಿಯಿತು, ಪ್ಲಗ್ಗು ಬಂತು.

ಈರಣ್ಣ ಮೂರನ್ನೂ ಕಟ್ಟೆಯ ಮೇಲಿಟ್ಟು ಕಣ್ಣು ಕಿರಿದು ಮಾಡಿದ. "ಇದು ಬೆಲ್ಲದ ಬಣ್ಣ. ಇದು ಮಸಿ. ಇದು ಎಣ್ಣೆ ಕುಡಿದೈತೆ."

"ಅಂದ್ರೆ?"

"ಅಂದ್ರೆ ಮೂರೂ ಬದಲಾಯಿಸ್ಬೇಕು."

ಅಷ್ಟರಲ್ಲಿ ಒಳಗಿಂದ ಆಳುಗಳು "ಅಕ್ಕಾ, ಮಜ್ಜಿಗೆ" ಎಂದು ಕೂಗಿದರು. ರಾಧಾಮಣಿ ಹೊಸ ಪ್ಲಗ್ಗುಗಳನ್ನು ಕೂರಿಸಿ, ವೈರು ಸಿಕ್ಕಿಸುವುದನ್ನು ಬಂದು ಮಾಡಿದರಾಯಿತೆಂದು ಒಳಗೆ ಹೋದಳು. ಈರಣ್ಣ ಜಾತಕ ನೋಡಿದ ಆಯಾಸಕ್ಕೆ ಬೀಡಿ ಹಚ್ಚಲು ಬೇಲಿಯಾಚೆ ಹೋದ.

ಅವಳು ಹಿಂದಿರುಗಿದಾಗ ಕಾರಿನ ಮುಂದೆ ಊದುಬತ್ತಿ ಉರಿಯುತ್ತಿತ್ತು. ಬಾನೆಟ್ಟಿಗೆ ಕನಕಾಂಬರದ ಮಾಲೆ ಬಿದ್ದಿತ್ತು. ಪಕ್ಕದ ಮನೆಯ ದ್ರಾಕ್ಷಾಯಣಮ್ಮ ತೆಂಗಿನಕಾಯಿ ಎತ್ತಿ ಚಕ್ರದ ಮುಂದೆ ಒಡೆದು, ನೀರನ್ನು ಇಂಜಿನ್ನಿಗೇ ಚಿಮುಕಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಮೂರು ವೈರಿಗೂ ವಿಭೂತಿಯ ಮೂರು ಮೂರು ಪಟ್ಟೆ, ಪಟ್ಟೆಯ ಮೇಲೆ ಅರಿಶಿನ, ಅರಿಶಿನದ ನಡುವೆ ಕುಂಕುಮ. ಮೂರೂ ವೈರು ಒಂದೇ ಗುರುವಿನ ಕೈಯಲ್ಲಿ ದೀಕ್ಷೆ ತೆಗೆದುಕೊಂಡ ಹಾಗೆ ಸಾಲಾಗಿ ಬಿದ್ದಿದ್ದವು.

"ದ್ರಾಕ್ಷಾಯಣಕ್ಕ, ಏನಿದು?"

"ನೀನು ಪೂಜೆ ಶುರು ಮಾಡಿ ಮಜ್ಜಿಗೆಗೆ ಎದ್ದೋದ್ಯಲ್ಲ ಕಣೇ. ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಬರೀ ವಿಭೂತಿ. ಅರ್ಧಕ್ಕೆ ಬುಟ್ಟ ಪೂಜೆ ಮನೇಗೆ ಒಳ್ಳೇದಲ್ಲ. ಪೂರ್ತಿ ಮಾಡ್ದೆ. ಕಾಯಿ ನಮ್ಮನೇದೇ."

"ಅದು ಪೂಜೆ ಅಲ್ಲ ಅಕ್ಕ, ಗುರುತು."

"ಗುರುತಿಗೆ ಯಾರಾರ ವಿಭೂತಿ ಹಚ್ತಾರಾ? ಬಂದು ಕೈಮುಗಿ, ಸುಮ್ಕಿರು."

ಊದುಬತ್ತಿ ಕಂಡ ಈರಣ್ಣ ಬೀಡಿ ಬಿಸಾಡಿ ಓಡಿಬಂದು, "ಪೆಟ್ರೋಲ್ ಗಾಡಿ ಕಣಮ್ಮೋ, ಊರೇ ಹತ್ಕಂಡೀತು" ಎಂದು ಅದನ್ನು ಕಾಯಿನೀರಲ್ಲಿ ಅದ್ದಿದ. ದೇವರ ಬತ್ತಿ ಆರಿಸಿದವನು ಉದ್ಧಾರವಾದದ್ದನ್ನು ತಾನು ಕಂಡಿಲ್ಲ ಎಂದು ದ್ರಾಕ್ಷಾಯಣಮ್ಮ ಅಂದರು. ಮಾತು ಬೆಳೆಯಿತು. ರಾಧಾಮಣಿ ಒರೆಸುವ ಬಟ್ಟೆ ಹಿಡಿದು ಇಂಜಿನ್ನಿನ ಕಾಯಿನೀರು ಒರೆಸುತ್ತ ಗಂಟೆ ನೋಡಿದಳು. ಎರಡೂವರೆ.

"ಈರಣ್ಣ, ಯಾವ ವೈರು ಯಾವುದಕ್ಕೆ? ನೀವು ಮೂವತ್ತೈದು ವರ್ಷ ಪ್ಲಗ್ಗು ನೋಡಿದೋರು."

ಈರಣ್ಣ ಕಿವಿಯ ಹಿಂದೆ ಕೆರೆದುಕೊಂಡ. "ನಮ್ದು ಡೀಸೆಲ್ ಲಾರಿ ಕಣವ್ವ. ಅದ್ರಲ್ಲಿ ಪ್ಲಗ್ಗೇ ಇರ್ತಿರ್ಲಿಲ್ಲ."

ರಾಧಾಮಣಿ ಒರೆಸುವ ಬಟ್ಟೆ ಕೆಳಗಿಟ್ಟಳು. ಕಲ್ಲೇಶನಿಗೆ ಫೋನು ಮಾಡಿದಳು, ಸ್ವಿಚ್ ಆಫ್. ಆಮೇಲೆ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದಳು. ಮೂರು ಜನ ಸೊಸೆಯರನ್ನು ಮೂರು ಮಣೆಯ ಮೇಲೆ ಎಷ್ಟು ರೀತಿ ಕೂರಿಸಬಹುದು? ಆರು. ಅದರಲ್ಲಿ ಒಂದು ರೀತಿ ಮಾತ್ರ ಜಗಳವಿಲ್ಲದ್ದು.

ಮೊದಲ ರೀತಿಯಲ್ಲಿ ವೈರು ಸಿಕ್ಕಿಸಿ ಕೀ ತಿರುಗಿಸಿದಾಗ ಕಾರು ಮುದುಕನ ಹಾಗೆ ಕೆಮ್ಮಿ ಸುಮ್ಮನಾಯಿತು. ಎರಡನೇ ಸಲಕ್ಕೆ ಸೈಲೆನ್ಸರಿನಿಂದ ಎಂಥ ಸದ್ದು ಬಂತೆಂದರೆ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡು ದ್ರಾಕ್ಷಾಯಣಮ್ಮನ ಅವರೆ ಪಾತಿಗೆ ನುಗ್ಗಿತು, ಕಾಯಿ ಸುಲಿಯುತ್ತಿದ್ದವರು ಮಚ್ಚು ಬಿಟ್ಟು ಎದ್ದು ನಿಂತರು. "ಬತ್ತಿ ಆರಿಸಿದ್ದಕ್ಕೆ" ಎಂದರು ದ್ರಾಕ್ಷಾಯಣಮ್ಮ. ಮೂರನೆಯದಕ್ಕೆ ಕಾರು ಮೈಮೇಲೆ ಬಂದಂತೆ ನಡುಗಿತು. ಅದನ್ನು ನೋಡಿ ಅವರು ಇನ್ನೊಂದು ಕಾಯಿ ತರಲು ಹೋದರು. ನಾಲ್ಕನೆಯದಕ್ಕೆ ಏನೂ ಆಗಲಿಲ್ಲ, ಅದೇ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು.

ಐದನೆಯದನ್ನು ಸಿಕ್ಕಿಸುವಾಗ ರಾಧಾಮಣಿಯ ಬೆರಳೆಲ್ಲ ಕರಿ, ಕುಂಕುಮ. ಬೀದಿಯ ತಿರುವಿನಲ್ಲಿ ಗಂಡನ ಬೈಕಿನ ಸದ್ದು ಕೇಳಿಸಿತು. ಒಳಗೆ ಕೂತು ಕೀ ತಿರುಗಿಸಿದಳು.

ಕಾರು ಸುಮ್ಮನೆ ಓಡತೊಡಗಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ. ಒಲೆಯ ಮೇಲೆ ಅನ್ನ ಕುದಿಯುವಂಥ ಒಂದೇ ಸಮನೆಯ ಸದ್ದು.

ರೇಣುಕಪ್ರಸಾದ್ ಬೈಕು ನಿಲ್ಲಿಸಿದ. ಹಿಂದೆ ಕೂತಿದ್ದ ಲಕ್ಷ್ಮಯ್ಯ ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟು, ನಾಡಿ ನೋಡುವವನ ಹಾಗೆ ತಲೆ ವಾಲಿಸಿ ನಿಂತ.

"ಪ್ರಸಾದಣ್ಣ, ಇದನ್ನ ನಾನು ಒಡೆಯಲ್ಲ ಕಣಪ್ಪ. ಇಂಜಿನ್ನು ಹಾಲು ಕುಡಿದ ಮಗಿನಂಗೆ ಐತೆ. ಗುಜರಿ ಗಾಡಿ ಅಂತ ಸುಳ್ಳೇಳಿ ಕರ್ಕಂಡ್ ಬಂದಿದ್ದೀಯ."

ಸ್ಟಿಯರಿಂಗ್ ಹಿಡಿದಿದ್ದ ರಾಧಾಮಣಿಯ ಕೈ ಸಡಿಲವಾಯಿತು. ನಾಳಿದ್ದೇ ಶುಕ್ರವಾರ.

"ಎಲ್ಲಿ, ಇಳಿ, ನೋಡಾನ" ಎಂದ ಗಂಡ. ಅವಳು ಇಳಿದಳು. ಅವನು ಹತ್ತಿ ಊರಬಾಗಿಲವರೆಗೆ ಹೋಗಿ ತಿರುಗಿಸಿಕೊಂಡು ಬಂದ. ಅವನ ಮುಖದಲ್ಲಿ ಮದುವೆಯಾದ ಹೊಸತರಲ್ಲಿ ಮಾತ್ರ ಕಂಡಿದ್ದ ನಗುವಿತ್ತು.

"ಏನಾಗಿತ್ತೇ ಇದಕ್ಕೆ?"

"ಪ್ಲಗ್ಗು" ಎಂದಳು ರಾಧಾಮಣಿ.

"ಪೂಜೆ ಆಗಿರ್ಲಿಲ್ಲ" ಎಂದರು ದ್ರಾಕ್ಷಾಯಣಮ್ಮ.

"ಜಾತಕ ನಾನು ನೋಡಿದ್ದು" ಎಂದ ಈರಣ್ಣ.

ರೇಣುಕಪ್ರಸಾದ್ ದ್ರಾಕ್ಷಾಯಣಮ್ಮನಿಂದ ಒಂದು ಹೋಳು ಕಾಯಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಕೀಯನ್ನು ಎರಡು ಸಲ ಮೇಲಕ್ಕೆ ಹಾರಿಸಿ ಹಿಡಿದು ಜೇಬಿಗೆ ಹಾಕಿಕೊಂಡ.

"ನಾಳೆಯಿಂದ ಮಾರ್ಕೆಟ್ಟಿಗೆ ಇದ್ರಲ್ಲೇ ಹೋಯ್ತೀನಿ. ಬಿಸಿಲಲ್ಲಿ ಬೈಕು ಹೊಡೆದೂ ಹೊಡೆದೂ ಸೊಂಟ ಬಿದ್ದೋಗೈತೆ."

"ಮತ್ತೆ ನಾನು?"

"ಅದು ಕೆಟ್ಟಿದ್ದಾಗ ನೀನು ಓಡಿಸ್ತಿದ್ದೆ, ಸರಿ. ಇಷ್ಟು ಚೆನ್ನಾಗಿರೋದನ್ನ ನಿನ್ ಕೈಗೆ ಕೊಟ್ರೆ ಎಲ್ಲಾರ ಗುದ್ಬುಟ್ಟೀಯ." ಅವಳ ಮುಖ ನೋಡಿ, ಸಮಾಧಾನಕ್ಕೆಂದು ಸೇರಿಸಿದ: "ನಿಂಗೇನೇ ಕಮ್ಮಿ? ಬಸ್ಸೈತೆ. ಹೆಂಗಸ್ರಿಗೆ ಫ್ರೀ ಬೇರೆ."

ಲಕ್ಷ್ಮಯ್ಯನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಅವನು ಕಾರನ್ನೇ ತೆಗೆದ. ಕನಕಾಂಬರದ ಮಾಲೆ ಹಾಗೇ ಇತ್ತು.

ರಾಧಾಮಣಿ ಬಚ್ಚಲ ಕಲ್ಲಿನ ಹತ್ತಿರ ಕೂತು ಬೆರಳಿನ ಜಿಡ್ಡಿಗೆ ಬೂದಿ ತಿಕ್ಕುತ್ತಿದ್ದಾಗ ಕಾರು ಬೇಲಿ ದಾಟಿತು. ಆ ಒಂದೇ ಸಮನೆಯ ಸದ್ದಿನ ಅಡಿಯಲ್ಲಿ, ಸಣ್ಣಗೆ, ಚುಸ್ ಚುಸ್ ಎಂದು ಉಸಿರು ಸೋರುತ್ತಿತ್ತು. ಕೊನೆಯ ಪ್ಲಗ್ಗು. ಅದಕ್ಕೆ ಇನ್ನೂ ಕಾಲು ಸುತ್ತು ಬಿಗಿ ಬೇಕಿತ್ತು. ಈಗಲೇ ಕೂಗಿ ನಿಲ್ಲಿಸಿ ಬಿಗಿದರೆ ಎರಡು ನಿಮಿಷದ ಕೆಲಸ. ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಇನ್ನಷ್ಟು ಸಡಿಲವಾಗಿ ಕಾರು ಮತ್ತೆ ಕುಂಟುತ್ತದೆ, ಅವನು ಮತ್ತೆ ಬೈಕು ಹತ್ತುತ್ತಾನೆ. ಲಕ್ಷ್ಮಯ್ಯನಂತೂ ಇನ್ನು ಅದನ್ನು ಗುಜರಿಗೆಂದು ಮುಟ್ಟುವುದಿಲ್ಲ.

ಬೇಲಿಯಾಚೆಯಿಂದ ಈರಣ್ಣ ಕೂಗಿದ: "ಸೌಂಡು ಕೇಳ್ದೇನವ್ವ? ಒಂಚೂರೂ ಕೊರತೆಯಿಲ್ಲ."

"ಹೂಂ, ಒಂಚೂರೂ ಇಲ್ಲ" ಎಂದು ರಾಧಾಮಣಿ ಕೈ ತೊಳೆದುಕೊಂಡು, ರಾತ್ರಿಯ ಸಾರಿಗೆ ಅವರೆಕಾಯಿ ಬಿಡಿಸಲು ಒಳಗೆ ಹೋದಳು.